ರಸಾಯನಶಾಸ್ತ್ರಕ್ಕೆ ನಮ್ಮ ನೆಲದಲ್ಲಿ ಬೇರು ಕೊಟ್ಟ ಆಚಾರ್ಯ ಪ್ರಫುಲ್ಲಚಂದ್ರ ರಾಯ್

ಇಂದು ನಮ್ಮ ದೇಶದ ಸಣ್ಣಪುಟ್ಟ ವಿಶ್ವವಿದ್ಯಾಲಯಗಳಲ್ಲಿಯೂ ರಸಾಯನಶಾಸ್ತ್ರದ ಸಂಶೋಧನೆ ನಡೆಯುತ್ತಿದೆ. ಲವಣಗಳನ್ನೂ ಲೋಹಗಳನ್ನೂ ಕುರಿತು ಕೆಲಸ ಮಾಡುವವರಿದ್ದಾರೆ, ಔಷಧಿಗಳನ್ನು ಹುಡುಕುವವರಿದ್ದಾರೆ, ಮಣ್ಣು, ನೀರು, ಗಾಳಿಗಳನ್ನು ಪರೀಕ್ಷಿಸುವವರಿದ್ದಾರೆ. ನಮ್ಮ ಮನೆಗಳ ಹುಡುಗ ಹುಡುಗಿಯರೂ ಎಂ.ಎಸ್‌ಸಿ. ಮುಗಿಸಿ ಇಂತಹ ಪ್ರಯೋಗಶಾಲೆಗಳನ್ನು ಸೇರುತ್ತಿದ್ದಾರೆ. ಇದೆಲ್ಲ ತಾನಾಗಿ ಬಂದುದೆಂದು ನಾವು ಭಾವಿಸುವುದುಂಟು. ಆದರೆ ನೂರಮೂವತ್ತು ವರ್ಷಗಳ ಹಿಂದೆ ಸ್ಥಿತಿ ಹೀಗಿರಲಿಲ್ಲ. ಪರದೇಶದವರು ಕಂಡುಹಿಡಿದುದನ್ನು ಪುಸ್ತಕದಲ್ಲಿ ಓದಿ, ಪರೀಕ್ಷೆಗೆ ಬರೆದು, ಸರಕಾರಿ ನೌಕರಿ ಹಿಡಿಯುವುದೇ ಆಗ ವಿದ್ಯೆಯ ಗುರಿಯಾಗಿತ್ತು. ಹೊಸತನ್ನು ಕಂಡುಹಿಡಿಯುವ ಕೆಲಸವನ್ನು ಇಲ್ಲಿಯೇ, ನಮ್ಮ ಕೈಗಳಿಂದಲೇ ಮಾಡಬಹುದೆಂದು ತೋರಿಸಿಕೊಟ್ಟವರಲ್ಲಿ ಮೊದಲಿಗರು ಆಚಾರ್ಯ ಪ್ರಫುಲ್ಲಚಂದ್ರ ರಾಯ್. ಅವರ ಬಾಳಿನ ಕಥೆಯನ್ನು ನಾವು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಪ್ರಫುಲ್ಲಚಂದ್ರರು 1861ರ ಆಗಸ್ಟ್ 2ರಂದು ಬಂಗಾಳದ ರಾರುಲಿ ಎಂಬ ಹಳ್ಳಿಯಲ್ಲಿ ಜನಿಸಿದರು. ಕಪೋತಾಕ್ಷ ನದಿಯ ದಡದಲ್ಲಿರುವ ಈ ಹಳ್ಳಿ ಆಗ ಜೆಸ್ಸೋರ್ ಜಿಲ್ಲೆಗೆ ಸೇರಿತ್ತು. ಈಗ ಬಾಂಗ್ಲಾದೇಶದ ಖುಲ್ನಾ ಜಿಲ್ಲೆಯಲ್ಲಿದೆ. ತಂದೆ ಹರೀಶ್ಚಂದ್ರ ರಾಯ್ ಜಮೀನುದಾರರು, ಉದಾರ ಮನಸ್ಸಿನವರು. ಅವರ ಮನೆಯಲ್ಲಿ ಒಳ್ಳೆಯ ಗ್ರಂಥಭಂಡಾರವಿತ್ತು. ಮಕ್ಕಳ ವಿದ್ಯಾಭ್ಯಾಸಕ್ಕೆಂದು 1870ರಲ್ಲಿ ಕುಟುಂಬ ಕಲ್ಕತ್ತೆಗೆ ಬಂದು ನೆಲೆಸಿತು.

ಹೇರ್ ಸ್ಕೂಲಿನಲ್ಲಿ ಓದುತ್ತಿದ್ದ ಬಾಲಕನಿಗೆ 1874ರಲ್ಲಿ ರಕ್ತಭೇದಿ ತಗಲಿತು. ಸುಮಾರು ಎರಡು ವರ್ಷ ಶಾಲೆ ಬಿಡಬೇಕಾಯಿತು. ಆ ಕಾಯಿಲೆ ಅವರ ಜೀರ್ಣಶಕ್ತಿಯನ್ನು ಜೀವಮಾನವಿಡೀ ಕುಂದಿಸಿಬಿಟ್ಟಿತು. ಆದರೆ ಹಾಸಿಗೆ ಹಿಡಿದ ಆ ದಿನಗಳಲ್ಲಿಯೇ ತಂದೆಯ ಪುಸ್ತಕಗಳನ್ನು ಅವರು ಒಂದೊಂದಾಗಿ ಓದಿ ಮುಗಿಸಿದರು. ಲ್ಯಾಟಿನ್ ಭಾಷೆಯನ್ನೂ ಸ್ವಂತ ಪ್ರಯತ್ನದಿಂದ ಕಲಿಯತೊಡಗಿದರು. ಪಾಠಪಟ್ಟಿಗೆ ಕಟ್ಟುಬೀಳದೆ ಓದುವ ಅಭ್ಯಾಸ ಅವರಿಗೆ ಹಾಗೆ ಬಂತು.

ಮುಂದೆ ಅವರು ಸೇರಿದ್ದು ಈಶ್ವರಚಂದ್ರ ವಿದ್ಯಾಸಾಗರರ ಮೆಟ್ರೊಪಾಲಿಟನ್ ಇನ್‌ಸ್ಟಿಟ್ಯೂಷನ್. ಅಲ್ಲಿ ಪ್ರಯೋಗಶಾಲೆಯ ಸೌಕರ್ಯ ಇರಲಿಲ್ಲ. ಆದ್ದರಿಂದ ರಸಾಯನಶಾಸ್ತ್ರದ ಪಾಠಕ್ಕೆ ಪ್ರೆಸಿಡೆನ್ಸಿ ಕಾಲೇಜಿಗೆ ಹೋಗುತ್ತಿದ್ದರು. ಅಲ್ಲಿ ಅಲೆಕ್ಸಾಂಡರ್ ಪೆಡ್ಲರ್ ಎಂಬ ಪ್ರಾಧ್ಯಾಪಕರು ತರಗತಿಯಲ್ಲಿ ಮಾಡಿ ತೋರಿಸುತ್ತಿದ್ದ ಪ್ರಯೋಗಗಳು ಅವರ ಮನಸ್ಸನ್ನು ಸೆಳೆದವು. ಸಾಹಿತ್ಯ, ಇತಿಹಾಸಗಳತ್ತ ಒಲಿದಿದ್ದ ಯುವಕ ರಸಾಯನಶಾಸ್ತ್ರಕ್ಕೆ ತಿರುಗಿದ್ದು ಹೀಗೆ. 1882ರಲ್ಲಿ ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನವನ್ನು ಗೆದ್ದು ಸ್ಕಾಟ್‌ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಕ್ರಮ್ ಬ್ರೌನ್ ಎಂಬ ಖ್ಯಾತ ವಿಜ್ಞಾನಿಯ ಕೈಕೆಳಗೆ ಓದಿ, 1885ರಲ್ಲಿ ಬಿ.ಎಸ್‌ಸಿ., 1887ರಲ್ಲಿ ಡಿ.ಎಸ್‌ಸಿ. ಪದವಿಗಳನ್ನು ಪಡೆದರು. ಅದೇ ವಿದ್ಯಾರ್ಥಿ ದಶೆಯಲ್ಲಿ ಸಿಪಾಯಿ ದಂಗೆಯ ಮುಂಚಿನ ಮತ್ತು ಅನಂತರದ ಭಾರತದ ಬಗ್ಗೆ ಪ್ರಬಂಧ ಬರೆದು ಬ್ರಿಟಿಷ್ ಆಡಳಿತವನ್ನು ನಿರ್ಭಯವಾಗಿ ಟೀಕಿಸಿದರು. 1888ರಲ್ಲಿ ಸ್ವದೇಶಕ್ಕೆ ಮರಳಿದರು.

ಎರಡನೆಯ ದರ್ಜೆಯ ಹುದ್ದೆ

ಡಿ.ಎಸ್‌ಸಿ. ಪದವಿ ಹೊತ್ತು ಬಂದವರಿಗೆ ಸುಮಾರು ಒಂದು ವರ್ಷ ಕೆಲಸವೇ ಸಿಗಲಿಲ್ಲ. ಆ ಕಾಲದಲ್ಲಿ ಗೆಳೆಯ ಜಗದೀಶಚಂದ್ರ ಬೋಸರ ಮನೆಯಲ್ಲಿ ಉಳಿದುಕೊಂಡಿದ್ದರು. ವಿದ್ಯಾ ಇಲಾಖೆಯ ಮೇಲಿನ ಹುದ್ದೆಗಳು ಹೆಚ್ಚುಕಡಿಮೆ ಇಂಗ್ಲೆಂಡಿನಿಂದ ನೇಮಕವಾಗಿ ಬರುವ ಬಿಳಿಯರಿಗೇ ಮೀಸಲು. ಅಷ್ಟೇ ಕಲಿತ ಭಾರತೀಯನಿಗೆ ಕೆಳಗಿನ ದರ್ಜೆ, ಕಡಿಮೆ ಸಂಬಳ. 1889ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರಿಗೆ ದೊರೆತದ್ದು ತಿಂಗಳಿಗೆ 250 ರೂಪಾಯಿಯ ತಾತ್ಕಾಲಿಕ ಸಹಾಯಕ ಪ್ರಾಧ್ಯಾಪಕ ಹುದ್ದೆ.

ಈ ಅನ್ಯಾಯವನ್ನು ಅವರು ವಿದ್ಯಾ ಇಲಾಖೆಯ ನಿರ್ದೇಶಕ ಸರ್ ಆಲ್ಫ್ರೆಡ್ ಕ್ರಾಫ್ಟರ ಮುಂದಿಟ್ಟರು. ಬಾಳಿನಲ್ಲಿ ಬೇರೆ ದಾರಿಗಳೂ ಇವೆ, ಈ ಕೆಲಸವನ್ನೇ ಹಿಡಿಯಬೇಕೆಂದು ಯಾರೂ ಬಲವಂತ ಮಾಡಿಲ್ಲ ಎಂಬ ಅರ್ಥದ ಉತ್ತರ ಬಂತು. ಅವಮಾನವನ್ನು ಅವರು ನುಂಗಿಕೊಂಡರು. ಆದರೆ ಬೇರೆ ದಾರಿಗಳಿವೆ ಎಂಬ ಆ ಮಾತನ್ನು ಮರೆಯಲಿಲ್ಲ. ಕಾಲೇಜಿನ ಕೆಲಸವನ್ನು ಬಿಡದೆಯೇ ಇನ್ನೊಂದು ದಾರಿಯನ್ನೂ ತೆರೆದರು.

ಸ್ವದೇಶೀ ಔಷಧಿಗಳ ಕಾರ್ಖಾನೆ

ಆಗ ನಮ್ಮ ಔಷಧಿ ಅಂಗಡಿಗಳ ಸರಕು ಬಹುಮಟ್ಟಿಗೆ ವಿಲಾಯತಿಯಿಂದ ಬರುತ್ತಿತ್ತು. ಅದನ್ನು ಇಲ್ಲಿಯೇ ತಯಾರಿಸಿದರೆ ಹಣವೂ ಉಳಿದೀತು, ಕಲಿತ ಯುವಕರಿಗೆ ಗುಮಾಸ್ತಗಿರಿಯ ಹೊರತಾದ ಉದ್ಯೋಗವೂ ಸಿಕ್ಕೀತು ಎಂದು ಅವರು ಯೋಚಿಸಿದರು. 1892ರಲ್ಲಿ, ಸುಮಾರು 700 ರೂಪಾಯಿ ಬಂಡವಾಳದಲ್ಲಿ, ಕಲ್ಕತ್ತೆಯ ಅಪ್ಪರ್ ಸರ್ಕ್ಯುಲರ್ ರಸ್ತೆಯ ತಮ್ಮ ಬಾಡಿಗೆ ಮನೆಯಲ್ಲಿಯೇ ಕೆಲಸ ಶುರು ಮಾಡಿದರು.

ಮೂಳೆಯನ್ನು ಸುಟ್ಟು ಬೂದಿ ಮಾಡಿ, ಅದಕ್ಕೆ ಗಂಧಕಾಮ್ಲ ಸೇರಿಸಿ, ಮುಂದೆ ಸೋಡಾ ಬೆರೆಸಿದರೆ ಔಷಧಿಗೆ ಬೇಕಾದ ಸೋಡಿಯಂ ಫಾಸ್ಫೇಟ್ ದೊರೆಯುತ್ತದೆ. ಕಸಾಯಿಖಾನೆಯಿಂದ ತರಿಸಿದ ಮೂಳೆಗಳನ್ನು ಆಚಾರ್ಯರು ಮನೆಯ ಮಾಳಿಗೆಯ ಮೇಲೆ ಒಣಹಾಕಿದರು. ದುರ್ವಾಸನೆ ಹರಡಿ, ಕಾಗೆಗಳು ಮುತ್ತಿ, ನೆರೆಹೊರೆಯವರು ದೂರು ಹೇಳತೊಡಗಿದಾಗ ಅದನ್ನೆಲ್ಲ ಬೇರೆ ಕಡೆಗೆ ಸಾಗಿಸಬೇಕಾಯಿತು. ಹಗಲು ಕಾಲೇಜಿನ ಪಾಠ, ಸಂಜೆ ಔಷಧಿ ತಯಾರಿ, ಲೆಕ್ಕಪತ್ರ. ಈ ಗೃಹೋದ್ಯಮವೇ ಬೆಳೆದು 1901ರಲ್ಲಿ ಬೆಂಗಾಲ್ ಕೆಮಿಕಲ್ ಎಂಡ್ ಫಾರ್ಮಸ್ಯೂಟಿಕಲ್ ವರ್ಕ್ಸ್ ಎಂಬ ಲಿಮಿಟೆಡ್ ಕಂಪೆನಿಯಾಯಿತು. ಈಗ ಅದು ಕೇಂದ್ರ ಸರಕಾರದ ಉದ್ಯಮ.

ಹಳದಿ ಹರಳುಗಳು

ಕಾರ್ಖಾನೆಯ ಗಡಿಬಿಡಿಯಲ್ಲಿ ಸಂಶೋಧನೆ ಹಿಂದೆ ಬೀಳಲಿಲ್ಲ. ಅವರ ಮೊದಲ ಕೆಲಸಗಳಲ್ಲೊಂದು ನಮ್ಮ ಅಡಿಗೆಮನೆಗೆ ಸಂಬಂಧಿಸಿದ್ದು. ಪೇಟೆಯ ತುಪ್ಪದಲ್ಲಿ, ಸಾಸಿವೆ ಎಣ್ಣೆಯಲ್ಲಿ ಕಲಬೆರಕೆ ಎಷ್ಟಿದೆಯೆಂದು ತಿಳಿಯಬೇಕಾದರೆ ಮೊದಲು ಶುದ್ಧ ವಸ್ತುವಿನ ಗುಣವೇನೆಂದು ಗೊತ್ತಿರಬೇಕು. ಅದಕ್ಕಾಗಿ ತಮ್ಮ ಕಣ್ಣೆದುರಿಗೇ ಬೆಣ್ಣೆ ಕಾಯಿಸಿ, ಎಣ್ಣೆ ಹಿಂಡಿಸಿ, ಮಾದರಿಗಳನ್ನು ಪರೀಕ್ಷಿಸಿದರು. ಆ ಲೇಖನ 1894ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಮೆಂಡಲೀವ್ ರಚಿಸಿದ ಮೂಲವಸ್ತುಗಳ ಕೋಷ್ಟಕದಲ್ಲಿ ಆಗ ಹಲವು ಮನೆಗಳು ಖಾಲಿ ಇದ್ದವು. ಅವುಗಳಲ್ಲಿ ಒಂದೆರಡನ್ನಾದರೂ ಭಾರತದ ಅಪರೂಪದ ಖನಿಜಗಳಲ್ಲಿ ಹುಡುಕೋಣವೆಂದು ಆಚಾರ್ಯರು ಹೊರಟಿದ್ದರು. ಅದರ ನಡುವೆ, 1895ರ ಸುಮಾರಿಗೆ, ಪಾದರಸದ ಒಂದು ಲವಣವನ್ನು ತಯಾರಿಸಲೆಂದು ತಣ್ಣಗಿನ, ನೀರು ಬೆರೆಸಿದ ನೈಟ್ರಿಕ್ ಆಮ್ಲವನ್ನು ಪಾದರಸದ ಮೇಲೆ ಹಾಕಿ ಇಟ್ಟರು. ನಿರೀಕ್ಷಿಸದ ಹಳದಿ ಹರಳುಗಳು ಕಾಣಿಸಿಕೊಂಡವು. ಪರೀಕ್ಷಿಸಿದಾಗ ಅದು ಮರ್ಕ್ಯುರಸ್ ನೈಟ್ರೈಟ್ ಎಂದು ತಿಳಿಯಿತು. ಈ ಲವಣದ ಎರಡು ಭಾಗಗಳೂ ಒಂಟಿಯಾಗಿ ನಿಲ್ಲುವುದು ಕಷ್ಟ. ಸುಲಭವಾಗಿ ಒಡೆದು ಬೇರೆಯಾಗುವಂಥವು. ಅವೆರಡೂ ಕೂಡಿದಾಗ ಮಾತ್ರ ಗಟ್ಟಿಯಾಗಿ ನಿಂತದ್ದು ಸೋಜಿಗದ ಸಂಗತಿ. 1896ರಲ್ಲಿ ಈ ಶೋಧ ಪ್ರಕಟವಾದೊಡನೆ ಇಂಗ್ಲೆಂಡಿನ ನೇಚರ್ ಪತ್ರಿಕೆ ಅದನ್ನು ಗಮನಿಸಿ ಬರೆಯಿತು.

ಅಲ್ಲಿಂದ ನೈಟ್ರೈಟ್‌ಗಳ ಅಧ್ಯಯನವೇ ಅವರ ಮುಖ್ಯ ಕಾರ್ಯವಾಯಿತು. ಅಮೋನಿಯಂ ನೈಟ್ರೈಟನ್ನು ಕಾಯಿಸಿದರೆ ಸಾರಜನಕ ಅನಿಲವೂ ನೀರೂ ಆಗಿ ಒಡೆಯುತ್ತದೆಂದು ಶಾಲೆಯಲ್ಲಿ ಓದಿದವರಿಗೆ ಗೊತ್ತು. ಗಾಳಿಯ ಒತ್ತಡ ತಗ್ಗಿಸಿ ನಯವಾಗಿ ಕಾಯಿಸಿದರೆ ಅದು ಒಡೆಯದೆಯೇ ಆವಿಯಾಗಬಲ್ಲದೆಂದು ಶಿಷ್ಯರ ನೆರವಿನಿಂದ ಸಾಧಿಸಿ, 1912ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಮುಂದೆ ಮಂಡಿಸಿದರು. ಸರ್ ವಿಲಿಯಂ ರಾಮ್ಸೆ ಅವರಂಥ ಹಿರಿಯರು ಅಭಿನಂದಿಸಿದರು.

ಇವೆಲ್ಲದರ ಜೊತೆಗೆ ಹಳೆಯ ಸಂಸ್ಕೃತ ರಸಗ್ರಂಥಗಳ ಹಸ್ತಪ್ರತಿಗಳನ್ನು ಸಂಗ್ರಹಿಸಿ, ಪ್ರಾಚೀನ ಭಾರತದ ರಸಾಯನವಿದ್ಯೆಯ ಇತಿಹಾಸವನ್ನು ಇಂಗ್ಲಿಷಿನಲ್ಲಿ ಎರಡು ಸಂಪುಟಗಳಲ್ಲಿ ಬರೆದರು. ಮೊದಲನೆಯದು 1902ರಲ್ಲಿ ಹೊರಬಂತು. ಈ ಕೆಲಸಕ್ಕೆ ಫ್ರಾನ್ಸಿನ ವಿಜ್ಞಾನಿ ಬರ್ತೆಲೋ ಪ್ರೋತ್ಸಾಹ ಕೊಟ್ಟಿದ್ದರು. ನಮ್ಮವರು ಕೈಕೆಲಸವನ್ನು ಕೀಳೆಂದು ಭಾವಿಸಿ, ಅದನ್ನು ಬುದ್ಧಿಯಿಂದ ಬೇರ್ಪಡಿಸಿದುದೇ ಈ ವಿದ್ಯೆ ಕುಗ್ಗಲು ಕಾರಣವೆಂದು ಅವರು ಅಲ್ಲಿ ಯಾವ ಮುಚ್ಚುಮರೆಯೂ ಇಲ್ಲದೆ ಬರೆದರು. ಪೂರ್ವಿಕರ ಹಿರಿಮೆಯನ್ನು ಹಾಡಿ ಹೊಗಳಿ ಸುಮ್ಮನಾಗುವವರ ಸಾಲಿಗೆ ಅವರು ಸೇರಿದವರಲ್ಲ.

ಶಿಷ್ಯಪರಂಪರೆ

ಇಷ್ಟಾದರೂ ಆಚಾರ್ಯರ ಬಾಳಿನ ದೊಡ್ಡ ಫಲ ಹಳದಿ ಹರಳುಗಳಲ್ಲ, ಕಾರ್ಖಾನೆಯೂ ಅಲ್ಲ, ಅವರ ಶಿಷ್ಯರು ಎಂದೇ ನಾವು ತಿಳಿಯುತ್ತೇವೆ. 1909ರಿಂದ ಮುಂದಿನ ವರ್ಷಗಳಲ್ಲಿ ಪ್ರೆಸಿಡೆನ್ಸಿ ಕಾಲೇಜಿಗೆ ಬಂದು ಸೇರಿದ ಹುಡುಗರಲ್ಲಿ ಜ್ಞಾನಚಂದ್ರ ಘೋಷ್, ಜ್ಞಾನೇಂದ್ರನಾಥ ಮುಖರ್ಜಿ, ಮೇಘನಾದ ಸಹಾ, ಸತ್ಯೇಂದ್ರನಾಥ ಬೋಸ್ ಇದ್ದರು. ಕೊನೆಯ ಇಬ್ಬರು ಭೌತಶಾಸ್ತ್ರದಲ್ಲಿ ಜಗತ್ಪ್ರಸಿದ್ಧರಾದರು. ಉಳಿದವರು ರಸಾಯನಶಾಸ್ತ್ರದ ಒಂದೊಂದು ಶಾಖೆಯನ್ನು ಹಿಡಿದು ಬೆಳೆಸಿದರು.

ಘೋಷರು ನೀರಿನಲ್ಲಿ ಕರಗಿದ ಲವಣಗಳು ವಿದ್ಯುತ್ತನ್ನು ಸಾಗಿಸುವ ರೀತಿಯನ್ನು ಕುರಿತು ಸಿದ್ಧಾಂತ ಮಂಡಿಸಿದರು. ಅವರು ನಮ್ಮ ಬೆಂಗಳೂರಿಗೂ ಬೇಕಾದವರು: 1939ರಿಂದ 1948ರ ತನಕ, ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು, ಆಮೇಲೆ ಖರಗ್‌ಪುರದ ಐ.ಐ.ಟಿ.ಯ ಮೊದಲ ನಿರ್ದೇಶಕರಾದರು. ಮುಖರ್ಜಿಯವರು ಜೇಡಿಮಣ್ಣಿನಂಥ ಕಲಿಲ ವಸ್ತುಗಳ ರಸಾಯನದಲ್ಲಿ ಹೆಸರು ಗಳಿಸಿದರು. ಇನ್ನೊಬ್ಬ ಶಿಷ್ಯ ನೀಲರತನ ಧರ್ ಅಲಹಾಬಾದಿನಲ್ಲಿ ಭೌತ ರಸಾಯನಶಾಸ್ತ್ರವನ್ನು ಬೆಳೆಸಿ, ಮಣ್ಣಿನಲ್ಲಿ ಸಾರಜನಕ ಸೇರುವ ಬಗೆಯನ್ನು ಕುರಿತು ದುಡಿದರು. ಪ್ರಿಯದಾರಂಜನ ರಾಯ್ ಲೋಹಗಳ ಸಂಕೀರ್ಣ ಸಂಯುಕ್ತಗಳನ್ನು ಅಭ್ಯಸಿಸಿದರು. ಅಂಥ ಒಂದು ಅಣು ಎಲ್ಲಿಯೂ ಕಳಚಿಕೊಳ್ಳದೆ, ತಿರುಚಿಕೊಂಡೇ ಎಡಗೈ ರೂಪದಿಂದ ಬಲಗೈ ರೂಪಕ್ಕೆ ಬದಲಾಗಬಲ್ಲುದೆಂದು 1943ರಲ್ಲಿ ದತ್ ಎಂಬವರ ಜೊತೆ ತೋರಿಸಿದರು. ಅದು ಇಂದಿಗೂ ಅವರಿಬ್ಬರ ಹೆಸರಿನಲ್ಲೇ ಪಠ್ಯಗ್ರಂಥಗಳಲ್ಲಿದೆ.

1916ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ನಿವೃತ್ತರಾದ ಆಚಾರ್ಯರನ್ನು ಆಶುತೋಷ ಮುಖರ್ಜಿಯವರು ಕಲ್ಕತ್ತೆ ವಿಶ್ವವಿದ್ಯಾಲಯದ ಹೊಸ ವಿಜ್ಞಾನ ಕಾಲೇಜಿಗೆ ಮೊದಲ ಪಾಲಿತ್ ಪ್ರಾಧ್ಯಾಪಕರಾಗಿ ಕರೆದುಕೊಂಡರು. ತಾರಕನಾಥ ಪಾಲಿತರ ದಾನದಿಂದ ಸ್ಥಾಪನೆಯಾದ ಆ ಪೀಠಕ್ಕೆ ಭಾರತೀಯರೇ ನೇಮಕವಾಗಬೇಕೆಂಬುದು ದಾನಿಯ ಷರತ್ತಾಗಿತ್ತು. ಕ್ರಾಫ್ಟರ ಉತ್ತರ ಕೇಳಿ ಹಿಂದಿರುಗಿದ್ದವರಿಗೆ ಇದಕ್ಕಿಂತ ಒಪ್ಪುವ ಸ್ಥಾನ ಬೇರೆ ಯಾವುದಿದ್ದೀತು?

ನಲವತ್ತು ರೂಪಾಯಿಯ ಸಂಸಾರ

ಆಚಾರ್ಯರು ಮದುವೆಯಾಗಲಿಲ್ಲ. ವಿಜ್ಞಾನ ಕಾಲೇಜಿನದೇ ಒಂದು ಕೋಣೆ ಅವರ ಮನೆ. ಜೊತೆಗೆ ಉಳಿದು ಓದುವ ಬಡ ವಿದ್ಯಾರ್ಥಿಗಳೇ ಸಂಸಾರ. 1901ರ ಕೊನೆಗೆ ಕಲ್ಕತ್ತೆಗೆ ಬಂದ ಗಾಂಧೀಜಿ ಗೋಖಲೆಯವರ ಮನೆಯಲ್ಲಿ ಇವರನ್ನು ಕಂಡರು. ತಿಂಗಳಿಗೆ 800 ರೂಪಾಯಿ ಸಂಬಳದಲ್ಲಿ 40 ರೂಪಾಯಿ ಮಾತ್ರ ಇಟ್ಟುಕೊಂಡು ಉಳಿದುದನ್ನು ಸಾರ್ವಜನಿಕ ಕಾರ್ಯಕ್ಕೆ ಕೊಡುವವರೆಂದು ಗೋಖಲೆಯವರು ಪರಿಚಯಿಸಿದುದನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. 1921ರಲ್ಲಿ ಅರುವತ್ತು ತುಂಬಿದ ಮೇಲೆ ತಮ್ಮ ಸಂಬಳವನ್ನೆಲ್ಲ ವಿಶ್ವವಿದ್ಯಾಲಯಕ್ಕೇ ಬಿಟ್ಟುಕೊಟ್ಟು, 1936ರ ತನಕ, ಅಂದರೆ ಎಪ್ಪತ್ತೈದರ ವಯಸ್ಸಿನ ವರೆಗೆ ದುಡಿದರು. ರಸಾಯನಶಾಸ್ತ್ರದ ಸಂಶೋಧನೆಗಾಗಿ ನಾಗಾರ್ಜುನನ ಹೆಸರಿನಲ್ಲಿ ಬಹುಮಾನವನ್ನೂ ಏರ್ಪಡಿಸಿದರು.

ಪ್ರಯೋಗಶಾಲೆಯ ಹೊರಗಿನ ಜನರ ಕಷ್ಟ ಅವರಿಗೆ ಕಾಣದಿರಲಿಲ್ಲ. 1921ರ ಖುಲ್ನಾ ಕ್ಷಾಮದಲ್ಲಿ, 1922ರ ಉತ್ತರ ಬಂಗಾಳದ ನೆರೆಯಲ್ಲಿ ಮುಂದೆ ನಿಂತು ಪರಿಹಾರ ಕಾರ್ಯ ನಡೆಸಿದರು. ವಿಜ್ಞಾನ ಕಾಲೇಜೇ ಅಕ್ಕಿ, ಬಟ್ಟೆಗಳ ಉಗ್ರಾಣವಾಯಿತು. ಖಾದಿಯ ಪ್ರಚಾರಕ್ಕೂ ಊರೂರು ಅಲೆದರು.

ಭಾಷೆಯ ವಿಷಯದಲ್ಲಿ ಅವರ ನಿಲುವು ನಮ್ಮಂಥವರಿಗೆ ಮನನೀಯವಾದುದು. ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಲೋಕಮನ್ನಣೆ ಪಡೆದವರೇ, ಮಗುವಿಗೆ ಶಾಲೆಯ ಪಾಠವು ತಾಯ್ನುಡಿಯಲ್ಲೇ ಆಗಬೇಕು, ಇಲ್ಲವಾದರೆ ವಿಷಯ ತಲೆಗೆ ಹೋಗುವ ಮುಂಚೆ ಭಾಷೆಯ ಜೊತೆ ಹೆಣಗುವುದರಲ್ಲಿಯೇ ವರ್ಷಗಳು ಕಳೆಯುತ್ತವೆ ಎಂದು ವಾದಿಸಿದರು. ಬಂಗಾಳಿಯಲ್ಲಿ ಸ್ವತಃ ಬಹಳಷ್ಟು ಬರೆದರು. ಕಲಿಸುವ ಭಾಷೆ ಮನೆಯದಾಗಿದ್ದೂ ಜ್ಞಾನ ಜಗತ್ತಿನದಾಗಬಹುದೆಂಬುದಕ್ಕೆ ಅವರ ಬಾಳೇ ಸಾಕ್ಷಿ.

ಘೋಷ್, ಮುಖರ್ಜಿ ಹಾಗೂ ಶಾಂತಿಸ್ವರೂಪ ಭಟ್ನಾಗರ್ ಲಂಡನ್ನಿನಲ್ಲಿ ಓದುತ್ತಿದ್ದಾಗ ಭಾರತಕ್ಕೂ ಒಂದು ರಸಾಯನ ಸಂಘ ಬೇಕೆಂದು ಮಾತಾಡಿಕೊಂಡಿದ್ದರು. 1924ರಲ್ಲಿ ಇಂಡಿಯನ್ ಕೆಮಿಕಲ್ ಸೊಸೈಟಿ ಸ್ಥಾಪನೆಯಾದಾಗ ಆಚಾರ್ಯರೇ ಮೊದಲ ಅಧ್ಯಕ್ಷರು. ನಮ್ಮವರ ಸಂಶೋಧನೆ ಪ್ರಕಟವಾಗಲು ಲಂಡನ್ನಿನ ಬಾಗಿಲನ್ನೇ ತಟ್ಟಬೇಕಾದ ಕಾಲ ಅಲ್ಲಿಗೆ ಮುಗಿಯಿತು. ಆ ಸಂಘಕ್ಕೆ 2024ರಲ್ಲಿ ನೂರು ವರ್ಷ ತುಂಬಿತು.

1944ರ ಜೂನ್ 16ರಂದು ವಿಜ್ಞಾನ ಕಾಲೇಜಿನ ಅದೇ ಕೋಣೆಯಲ್ಲಿ ಆಚಾರ್ಯರು ಕಣ್ಣು ಮುಚ್ಚಿದರು. ಸ್ವಾತಂತ್ರ್ಯ ಬರಲು ಇನ್ನೂ ಮೂರು ವರ್ಷಗಳಿದ್ದವು. 2011ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯು ಯುರೋಪಿನ ಹೊರಗೆ ತಾನು ಸ್ಥಾಪಿಸಿದ ಮೊದಲ ಸ್ಮಾರಕ ಫಲಕವನ್ನು ಅವರ ಹೆಸರಿಗೆ ಸಲ್ಲಿಸಿತು.

ಸೌಕರ್ಯಗಳಿಲ್ಲವೆಂದು, ಸ್ಥಾನಮಾನವಿಲ್ಲವೆಂದು, ದೊಡ್ಡ ಊರು ದೂರವೆಂದು ಕೈಕಟ್ಟಿ ಕೂರುವ ಮನಸ್ಸು ನಮ್ಮೆಲ್ಲರಿಗೂ ಒಮ್ಮೊಮ್ಮೆ ಬರುತ್ತದೆ. 250 ರೂಪಾಯಿಯ ತಾತ್ಕಾಲಿಕ ಹುದ್ದೆಯಲ್ಲಿ ಕುಳಿತು, ಕೆಟ್ಟ ಆರೋಗ್ಯವನ್ನು ಹೊತ್ತು, ಒಂದು ದೇಶಕ್ಕೆ ಬೇಕಾದಷ್ಟು ರಸಾಯನಶಾಸ್ತ್ರಜ್ಞರನ್ನು ತಯಾರಿಸಿದ ಈ ಗುರುವನ್ನು ಆಗ ನೆನೆಯಬೇಕು. ನಮ್ಮ ಶಾಲೆಗಳ ಅಧ್ಯಾಪಕರೂ ಮನೆಗಳ ಹಿರಿಯರೂ ಈ ಕಥೆಯನ್ನು ಮಕ್ಕಳಿಗೆ ಅವರದೇ ಮಾತಿನಲ್ಲಿ ಹೇಳಿಕೊಡಲೆಂದು ನಾವು ಹಾರೈಸುತ್ತೇವೆ.