ಪಾಮರನ ಡಬ್ಬಿ

ನಮ್ಮ ಭಾಷೆಯಲ್ಲಿ ಪಂಡಿತನ ಎದುರಿಗೆ ಯಾವಾಗಲೂ ಪಾಮರನನ್ನು ನಿಲ್ಲಿಸುವುದು ವಾಡಿಕೆ. ಕನ್ನಡದಲ್ಲಿ ಎಂ.ಎ. ಮಾಡಿ, ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಪಾಠ ಹೇಳುತ್ತಿರುವ ನಾನು ಪಂಡಿತರ ಸಾಲಿನ ಕಟ್ಟಕಡೆಗಾದರೂ ನಿಲ್ಲತಕ್ಕವನೆಂದು ಭಾವಿಸಿಕೊಂಡಿದ್ದೇನೆ. ಆದರೆ ನನ್ನನ್ನು ಈ ಓದಿಗೆ ಹಚ್ಚಿದವರಲ್ಲಿ ಒಬ್ಬ ಪಾಮರನೂ ಉಂಟು. ಶ್ಲೇಷೆಗಾಗಿ ಈ ಮಾತನ್ನು ಹೇಳುತ್ತಿಲ್ಲ. ಆತನ ಮನೆತನದ ಹೆಸರೇ ಪಾಮರ್. ಜಾರ್ಜ್ ಪಾಮರ್, ಇಂಗ್ಲೆಂಡಿನ ರೀಡಿಂಗ್ ಪಟ್ಟಣದ ಬಿಸ್ಕತ್ತಿನ ತಯಾರಕ. ತೀರಿಕೊಂಡದ್ದು 1897ರಲ್ಲಿ.

ಮಾರತ್ತಹಳ್ಳಿಯ ನಮ್ಮ ಮನೆಯ ಪುಸ್ತಕದ ಬೀರುವಿನಲ್ಲಿ ಒಂದು ಹಳೆಯ ತಗಡಿನ ಡಬ್ಬಿ ಇದೆ. ಮುಚ್ಚಳದ ಮೇಲಿನ ಚಿತ್ರ ಬಹುಮಟ್ಟಿಗೆ ಅಳಿಸಿಹೋಗಿದೆ. ಹಂಟ್ಲಿ ಅಂಡ್ ಪಾಮರ್ಸ್ ಎಂಬ ಅಕ್ಷರಗಳು ಮಾತ್ರ ಉಳಿದಿವೆ. ನಮ್ಮ ತಾತ ಹಳ್ಳಿಯ ಶಾಲೆಯ ಮೇಷ್ಟರು. ಅವರು ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಯಾವುದೋ ಹರಾಜಿನಲ್ಲಿ ಖಾಲಿ ಡಬ್ಬಿಯನ್ನು ಕೊಂಡು ತಂದರೆಂದು ಅಜ್ಜಿ ಹೇಳುತ್ತಿದ್ದರು. ತಾತ ತಮ್ಮ ಪುಸ್ತಕಗಳನ್ನೆಲ್ಲ ಒಂದು ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದರು; ಜೈಮಿನಿ ಭಾರತವನ್ನು ತಮ್ಮ ಕೈಯಿಂದಲೇ ಪ್ರತಿ ಮಾಡಿ, ಅಂಚಿನಲ್ಲಿ ಅರ್ಥ ಬರೆದುಕೊಂಡಿದ್ದ ಎರಡು ನೋಟುಪುಸ್ತಕಗಳನ್ನು ಮಾತ್ರ ಈ ಡಬ್ಬಿಯಲ್ಲಿ ಇಟ್ಟಿದ್ದರು. ಅವರು ಹೋದ ಮೇಲೆ ಒಂದು ಮಳೆಗಾಲ ಕಳೆದು ಪೆಟ್ಟಿಗೆ ತೆರೆದಾಗ ಅದರೊಳಗೆ ಇದ್ದುದು ಗೆದ್ದಲಿನ ಮಣ್ಣು. ಡಬ್ಬಿಯ ಮುಚ್ಚಳವನ್ನು ಚಾಕುವಿನ ಮೊನೆಯಿಂದ ಮೀಟಿ ತೆಗೆದರು. ನೋಟುಪುಸ್ತಕಗಳು ಇಟ್ಟ ಹಾಗೆಯೇ ಇದ್ದವು. ಲಕ್ಷ್ಮೀಶನನ್ನು ನಾನು ಮೊದಲು ಕಂಡದ್ದು ಆ ಹಾಳೆಗಳಲ್ಲಿ.

ಆ ಡಬ್ಬಿಯ ಹಿಂದಿನ ಮನುಷ್ಯ ಯಾರೆಂದು ವಿಚಾರಿಸುವ ಬುದ್ಧಿ ಬಂದದ್ದು ಬಹಳ ತಡವಾಗಿ.

ಪಾಮರ್ ಹುಟ್ಟಿದ್ದು 1818ರ ಜನವರಿಯಲ್ಲಿ, ಸಾಮರ್‌ಸೆಟ್ ಪ್ರಾಂತದ ಲಾಂಗ್ ಸಟನ್ ಎಂಬ ಹಳ್ಳಿಯಲ್ಲಿ, ಒಕ್ಕಲುತನದ ಮನೆ. ಎಂಟು ವರ್ಷದ ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡ. ಮನೆಯವರು ಕ್ವೇಕರ್ ಪಂಥದವರು. ಈ ಪಂಥದವರಿಗೆ ಪುರೋಹಿತರಿಲ್ಲ; ಅವರು ಆಣೆ ಇಡುವುದಿಲ್ಲ, ಯುದ್ಧಕ್ಕೆ ಹೋಗುವುದಿಲ್ಲ; ಉಡುಗೆಯಲ್ಲಿ, ಮನೆಯಲ್ಲಿ, ಮಾತಿನಲ್ಲಿ ಅಲಂಕಾರವನ್ನು ಒಲ್ಲರು. ನಮ್ಮ ಶರಣರ ನೆನಪು ಬಂದರೆ ಆಶ್ಚರ್ಯವಿಲ್ಲ. ಕಾಯಕದ ವಿಷಯದಲ್ಲಂತೂ ಹೋಲಿಕೆ ಗಟ್ಟಿಯಾದದ್ದೇ. ಇಂಗ್ಲೆಂಡಿನ ಹಳೆಯ ವಿಶ್ವವಿದ್ಯಾಲಯಗಳು ರಾಜಮಾನ್ಯವಾದ ಚರ್ಚಿಗೆ ಸೇರದವರಿಗೆ ಬಹುಕಾಲ ಬಾಗಿಲು ಮುಚ್ಚಿದ್ದವು. ಓದಿ ದೊಡ್ಡ ಹುದ್ದೆಗೆ ಏರುವ ದಾರಿ ಇಲ್ಲದ ಈ ಜನ ವ್ಯಾಪಾರಕ್ಕೆ ಇಳಿದರು. ಕ್ಯಾಡ್‌ಬರಿ, ಫ್ರೈ, ರೌನ್‌ಟ್ರೀ ಮೊದಲಾದ ಚಾಕೊಲೇಟಿನ ಮನೆತನಗಳೆಲ್ಲ ಈ ಪಂಥದವೇ. ಜಾರ್ಜನೂ ಪಂಥದ ಸಿಡ್‌ಕಟ್ ಶಾಲೆಯಲ್ಲಿ ಕೆಲವು ವರ್ಷ ಓದಿ, ಹದಿನಾಲ್ಕರ ವಯಸ್ಸಿನಲ್ಲಿ ಟಾಂಟನ್ ಪಟ್ಟಣದ ಬಂಧುವೊಬ್ಬನ ಬಳಿ ಹಿಟ್ಟಿನ ಗಿರಣಿಯ ಕೆಲಸವನ್ನೂ ಮಿಠಾಯಿಯ ಕೆಲಸವನ್ನೂ ಕಲಿಯಲು ನಿಂತ.

ಇತ್ತ ರೀಡಿಂಗ್ ಪಟ್ಟಣದಲ್ಲಿ 1822ರಷ್ಟು ಹಿಂದೆಯೇ ಜೋಸೆಫ್ ಹಂಟ್ಲಿ ಎಂಬ ಮತ್ತೊಬ್ಬ ಕ್ವೇಕರ್ ಲಂಡನ್ ಬೀದಿಯಲ್ಲಿ ಬಿಸ್ಕತ್ತಿನ ಅಂಗಡಿ ತೆರೆದಿದ್ದ. ಲಂಡನ್ನಿನಿಂದ ಬಾತ್ ಊರಿಗೆ ಹೋಗುವ ಕುದುರೆ ಸಾರೋಟುಗಳು ಅವನ ಅಂಗಡಿಯ ಎದುರಿನ ಛತ್ರದಲ್ಲಿ ನಿಲ್ಲುತ್ತಿದ್ದವು; ಪ್ರಯಾಣಿಕರು ಬಿಸ್ಕತ್ತು ಕೊಂಡು ಹೋಗುತ್ತಿದ್ದರು. ಸಾರೋಟಿನ ಕುಲುಕಾಟಕ್ಕೆ ಬಿಸ್ಕತ್ತು ಪುಡಿಯಾಗುತ್ತಿತ್ತು. ಗಾಳಿಯ ತೇವಕ್ಕೆ ಮೆತ್ತಗಾಗುತ್ತಿತ್ತು. ಹಂಟ್ಲಿಯ ಕಿರಿಯ ಮಗ ಕಬ್ಬಿಣದ ಸಾಮಾನಿನ ವ್ಯಾಪಾರಿ. ಅವನು ತಗಡಿನ ಡಬ್ಬಿಗಳನ್ನು ಮಾಡಿಕೊಟ್ಟ. ಅಪ್ಪನ ಒಲೆ, ಮಗನ ಬೆಸುಗೆ, ಎರಡೂ ಕೂಡಿದವು.

ಈ ತೊಂದರೆ ಎಂಥದೆಂದು ನನಗೆ ಅನುಭವದಿಂದಲೇ ಗೊತ್ತು. ಭಾನುವಾರಗಳಲ್ಲಿ ಮನೆಯಲ್ಲಿ ಬೆಣ್ಣೆ ಬಿಸ್ಕತ್ತು ಸುಡುವ ಹವ್ಯಾಸ ನನ್ನದು. ಅಜ್ಜಿ ಮಾಡುತ್ತಿದ್ದ ಕ್ರಮ ಹೀಗೆ: ದಪ್ಪ ಬಾಣಲೆಯಲ್ಲಿ ಮರಳು ಹರಡಿ ಒಲೆಯ ಮೇಲಿಟ್ಟು, ಬಿಸ್ಕತ್ತಿನ ತಟ್ಟೆಯನ್ನು ಅದರೊಳಗೆ ಇಳಿಸಿ, ಮೇಲೆ ಮುಚ್ಚಿದ ತಟ್ಟೆಯಲ್ಲಿ ಕೆಂಡ ಹಾಕುವುದು. ನನ್ನದು ವಿದ್ಯುತ್ ಒಲೆ. ಹದ ಮಾತ್ರ ಅಜ್ಜಿಯದೇ. ಬೆಣ್ಣೆಯನ್ನೂ ಸಕ್ಕರೆ ಪುಡಿಯನ್ನೂ ಬಿಳುಪೇರುವತನಕ ನಾದಿ, ಮೈದಾಹಿಟ್ಟನ್ನು ಕೊನೆಗೆ, ಹೆಚ್ಚು ಮಿದಿಯದೆ ಸೇರಿಸಬೇಕು. ಮಿದಿದಷ್ಟೂ ಹಿಟ್ಟಿಗೆ ಜಿಗುಟು ಬಂದು ಬಿಸ್ಕತ್ತು ಗಡುಸಾಗುತ್ತದೆ. ಒಲೆಯಿಂದ ತೆಗೆದಾಗ ಬಾಯಲ್ಲಿಟ್ಟರೆ ಕರಗುವಂಥದು, ಆಷಾಢದ ಗಾಳಿಗೆ ಒಂದು ರಾತ್ರಿ ತೆರೆದಿಟ್ಟರೆ ಮರುದಿನ ಹಳಸಲು ರೊಟ್ಟಿಯ ಹಾಗೆ ಬಾಗುತ್ತದೆ. ಎರಡು ಬಾರಿ ಬೇಯಿಸಿದ್ದು ಎಂಬುದು ಬಿಸ್ಕತ್ತು ಎಂಬ ಪದದ ಲ್ಯಾಟಿನ್ ಮೂಲಾರ್ಥ. ಬೆಂಕಿ ಹೊರದೂಡಿದ ನೀರನ್ನು ಗಾಳಿ ಹಿಂದಕ್ಕೆ ತರುತ್ತದೆ. ಆದ್ದರಿಂದ ಸುಡುವುದು ಅರ್ಧ ಕೆಲಸ, ಕಾಯುವುದು ಇನ್ನರ್ಧ.

ಈ ಉಳಿದರ್ಧದ ಬೆಲೆಯನ್ನು ಪಾಮರ್ ಚೆನ್ನಾಗಿ ಅರಿತ. 1841ರಲ್ಲಿ ಅವನು ಜೋಸೆಫನ ಹಿರಿಯ ಮಗ ಥಾಮಸ್ ಹಂಟ್ಲಿಯ ಜೊತೆ ಪಾಲುದಾರನಾದ. ಇಬ್ಬರಿಗೂ ದೂರದ ನಂಟು. ಅದರ ಹಿಂದಿನ ವರ್ಷವಷ್ಟೆ ರೀಡಿಂಗಿಗೆ ರೈಲು ಬಂದಿತ್ತು. ಥಾಮಸ್ ಕೈಚಳಕದ ಬಾಣಸಿಗ. ಪಾಮರನ ಗಮನವೆಲ್ಲ ಯಂತ್ರದ ಕಡೆಗೆ. 1846ರಲ್ಲಿ ಕಿಂಗ್ಸ್ ರಸ್ತೆಯಲ್ಲಿ ಮುಚ್ಚಿಹೋಗಿದ್ದ ರೇಷ್ಮೆ ಕಾರ್ಖಾನೆಯೊಂದನ್ನು ಕೊಂಡು, ಊರಿನ ಎಂಜಿನಿಯರ್ ವಿಲಿಯಂ ಎಕ್ಸಾಲ್‌ನೊಡನೆ ಕೂಡಿ, ಹಿಟ್ಟನ್ನು ಲಟ್ಟಿಸಿ ಕತ್ತರಿಸುವ ಕೆಲಸ ಎಡೆಬಿಡದೆ ಸಾಗುವಂತೆ ಉಗಿಯಂತ್ರಗಳನ್ನು ಹೂಡಿದ. ಅದುವರೆಗೆ ಕೈಯಿಂದ ಒಂದೊಂದಾಗಿ ಆಗುತ್ತಿದ್ದ ಕೆಲಸವದು. 1857ರಲ್ಲಿ ಥಾಮಸ್ ತೀರಿಕೊಂಡ. ಅವನ ಮಗ ಪಾಲು ಬಿಟ್ಟುಕೊಟ್ಟ. ಕಾರ್ಖಾನೆ ಜಾರ್ಜ್ ಮತ್ತು ಅವನ ಇಬ್ಬರು ತಮ್ಮಂದಿರ ಕೈಗೆ ಬಂದಿತು. ಹಂಟ್ಲಿಯ ಹೆಸರನ್ನು ಮಾತ್ರ ಅವರು ಮುಂದೆಯೇ ಉಳಿಸಿಕೊಂಡರು. 1900ರ ಸುಮಾರಿಗೆ ಅಲ್ಲಿ 5,000 ಜನ ದುಡಿಯುತ್ತಿದ್ದರು. ಊರಿಗೆ ಬಿಸ್ಕತ್ತಿನ ಪಟ್ಟಣವೆಂದೇ ಅಡ್ಡಹೆಸರು ಬಿದ್ದಿತ್ತು.

ಅಲಂಕಾರವನ್ನು ಒಲ್ಲದ ಪಂಥದಲ್ಲಿ ಹುಟ್ಟಿದವನ ಕಾರ್ಖಾನೆಯಿಂದ ಲೋಕದ ಅತ್ಯಂತ ಅಲಂಕೃತವಾದ ಡಬ್ಬಿಗಳು ಹೊರಟದ್ದು ವಿಚಿತ್ರವಾದ ಸಂಗತಿ. 1868ರಲ್ಲಿ ಓವೆನ್ ಜೋನ್ಸ್ ಎಂಬ ಹೆಸರಾಂತ ವಿನ್ಯಾಸಕಾರ ರಚಿಸಿದ ಚಿತ್ತಾರದ ಮೊದಲ ಡಬ್ಬಿ ಬಂದಿತು. ಮುಂದೆ ಕಲ್ಲಚ್ಚಿನ ಚಿತ್ರವನ್ನು ಮೆತ್ತನೆಯ ಹೊದಿಕೆಯ ಉರುಳೆಯ ಮೂಲಕ ತಗಡಿಗೆ ಇಳಿಸುವ ಉಪಾಯ ಸಿದ್ಧಿಸಿದ ಮೇಲೆ ಬಣ್ಣಗಳಿಗೆ ಮಿತಿಯೇ ಇರಲಿಲ್ಲ. ಬುಟ್ಟಿಯ ಆಕಾರ, ಹೂದಾನಿಯ ಆಕಾರ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಪಟ್ಟಿ ಬಿಗಿದ ಪುಸ್ತಕಗಳ ಕಟ್ಟಿನ ಆಕಾರವೂ ಬಂದಿತು. ಇಂದು ಹಳೆಯ ಡಬ್ಬಿಗಳನ್ನು ಸಂಗ್ರಹಿಸುವವರು ಇಂಥವಕ್ಕೆ ಹಾತೊರೆಯುತ್ತಾರೆ. ರೀಡಿಂಗ್ ವಸ್ತುಸಂಗ್ರಹಾಲಯದಲ್ಲಿ ಇವಕ್ಕೆಂದೇ ಒಂದು ಭಾಗವಿದೆ. ನೋಡಲು ಪುಸ್ತಕ, ತೆರೆದರೆ ಬಿಸ್ಕತ್ತು! ನಮ್ಮ ಮನೆಯಲ್ಲಿ ಆದದ್ದು ಇದರ ತಿರುವುಮುರುವು.

ಹಾಗೆ ಆದದ್ದು ನಮ್ಮಲ್ಲಿ ಮಾತ್ರವೂ ಅಲ್ಲ. ಆಫ್ರಿಕದ ಉಗಾಂಡದಲ್ಲಿ 1890ರ ದಶಕದಲ್ಲಿ ಲುಗಾಂಡ ಭಾಷೆಯ ಬೈಬಲನ್ನು, ಗೆದ್ದಲಿನಿಂದ ಕಾಪಾಡುವುದಕ್ಕಾಗಿ, ಬಿಸ್ಕತ್ತಿನ ಡಬ್ಬಿಯಲ್ಲಿ ಹಿಡಿಸುವ ಅಳತೆಗೆ ಮುದ್ರಿಸಿದರು. ಇದನ್ನು ಓದಿದ ದಿನ ನನ್ನ ತಾತನ ಬುದ್ಧಿವಂತಿಕೆಗೆ ದೂರದ ಸಾಕ್ಷಿಯೊಂದು ಸಿಕ್ಕಿದಷ್ಟು ಸಂತೋಷಪಟ್ಟೆ. ದಕ್ಷಿಣ ಧ್ರುವಕ್ಕೆ ಹೊರಟ ಸ್ಕಾಟ್ 1910ರಲ್ಲಿ ಒಯ್ದದ್ದೂ ಇದೇ ಕಾರ್ಖಾನೆಯ ಬಿಸ್ಕತ್ತನ್ನು.

ಪಾಮರ್ ಊರಿನ ಮೇಯರ್ ಆದ. 1878ರಿಂದ 1885ರವರೆಗೆ ಪಾರ್ಲಿಮೆಂಟಿನಲ್ಲಿ ಲಿಬರಲ್ ಪಕ್ಷದ ಸದಸ್ಯನಾಗಿದ್ದ. ಊರಿಗೆ 49 ಎಕರೆಯ ಉದ್ಯಾನವನ್ನು ಕೊಟ್ಟ. 1891ರಲ್ಲಿ, ಅವನು ಬದುಕಿರುವಾಗಲೇ, ಬೀದಿಯಲ್ಲಿ ಅವನ ಪ್ರತಿಮೆ ನಿಲ್ಲಿಸಿದರು. ಕೈಯಲ್ಲಿ ಖಡ್ಗವಿಲ್ಲ, ಗ್ರಂಥವಿಲ್ಲ. ಟೋಪಿ ಮತ್ತು ಕೊಡೆ. ಶಿಲ್ಪಿ ಜಾರ್ಜ್ ಸೈಮಂಡ್ಸ್ ಅದೇ ಊರಿನ ಬಿಯರ್ ತಯಾರಕರ ಮನೆತನದವನು. 1930ರಲ್ಲಿ ಆ ಪ್ರತಿಮೆಯನ್ನು ಪಾಮರ್ ಉದ್ಯಾನಕ್ಕೆ ಸಾಗಿಸಿದರು.

ಇಷ್ಟಕ್ಕೇ ನಿಲ್ಲಿಸಿದರೆ ಸ್ತೋತ್ರವಾದೀತು. ಪಾಮರ್ ಕಾಲವಾಗಿ ಹದಿನೈದು ವರ್ಷಗಳಾದ ಮೇಲೆ, 1912ರಲ್ಲಿ, ಆರ್ಥರ್ ಬೌಲಿ ಎಂಬ ಸಂಖ್ಯಾಶಾಸ್ತ್ರಜ್ಞ ರೀಡಿಂಗ್ ಊರಿನ ದುಡಿಯುವ ಕುಟುಂಬಗಳ ಸ್ಥಿತಿಯನ್ನು ಪರೀಕ್ಷಿಸಿದ. ಕೆಲಸವಿದ್ದೂ ಕೂಲಿ ಸಾಲದೆ ಬಡತನದಲ್ಲಿದ್ದವರು ಅಲ್ಲಿ ಬಹಳ ಮಂದಿ ಎಂದು ಕಂಡುಬಂದಿತು. ಬಿಸ್ಕತ್ತು ಆ ಊರಿನ ದೊಡ್ಡ ಉದ್ಯಮ. ಈ ಮಾತು ಅದಕ್ಕೂ ತಟ್ಟದೆ ಇರದು. ಬೌಲಿ ಪಾಠ ಹೇಳುತ್ತಿದ್ದ ರೀಡಿಂಗ್ ಕಾಲೇಜು ಇದ್ದುದು ಪಾಮರ್ ಮನೆತನದವರು ಕೊಟ್ಟ ನೆಲದಲ್ಲಿ. ಜಾರ್ಜ್ ಪಾಮರ್ ವಾಸವಾಗಿದ್ದ ಮನೆಯೂ ಅದಕ್ಕೆ ಸೇರಿತ್ತು. ದಾನಿಯ ಅಂಗಳದಲ್ಲೇ ಕುಳಿತು ದಾನಿಯ ಊರಿನ ಲೆಕ್ಕ ತೆಗೆಯುವ ಅಧ್ಯಾಪಕನನ್ನು ನೆನೆದಾಗ ನನಗೆ ಆ ಕಾಲೇಜಿನ ಮೇಲೆ ಗೌರವ ಹುಟ್ಟುತ್ತದೆ. 1926ರಲ್ಲಿ ಅದು ವಿಶ್ವವಿದ್ಯಾಲಯವಾಯಿತು.

ಪಾಮರ್ ಸತ್ತ ಮರುವರ್ಷ, 1898ರಲ್ಲಿ, ಬೆಂಗಳೂರಿನ ಚಿಕ್ಕಪೇಟೆಯ ಬಳಿ ಎಚ್.ಎಸ್. ತಿರುಮಲಾಚಾರ್ ಬೇಕರಿ ತೆರೆದರೆಂದೂ ಅಯ್ಯಂಗಾರ್ ಬೇಕರಿಗಳ ಪರಂಪರೆ ಅಲ್ಲಿಂದ ಮೊದಲಾಯಿತೆಂದೂ ಹೇಳುತ್ತಾರೆ. ಆ ಬೇಕರಿಗಳ ಖಾರ ಬಿಸ್ಕತ್ತಿಗೆ ಚಿತ್ತಾರದ ಡಬ್ಬಿ ಬೇಕಾಗಲಿಲ್ಲ. ಸಂಜೆಯೊಳಗೆ ಅದು ಮುಗಿದುಹೋಗುತ್ತಿತ್ತು. ಪಾಮರನ ಕಾರ್ಖಾನೆ ಮಾತ್ರ ಸುತ್ತಿ ಬಳಸಿ ನಮ್ಮ ದಾರಿಗೇ ಬಂದಂತಾಯಿತು. 1921ರಲ್ಲಿ ಅದು ಪೀಕ್ ಫ್ರೀನ್ ಎಂಬ ಲಂಡನ್ ಕಂಪನಿಯೊಡನೆ ಒಂದು ಒಕ್ಕೂಟ ಸೇರಿತು. 1892ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಬ್ರಿಟಾನಿಯಾದ ಹಿಡಿತ 1924ರಲ್ಲಿ ಪೀಕ್ ಫ್ರೀನ್ ಕೈಗೆ ಹೋಯಿತು. ಆ ನಂಟು ಕಡಿದು ದಶಕಗಳಾದುವು. ರೀಡಿಂಗಿನ ಬಿಸ್ಕತ್ತಿನ ಒಲೆಗಳೂ 1970ರ ದಶಕದಲ್ಲಿ ಆರಿದವು. ಆದರೂ ಮಾರತ್ತಹಳ್ಳಿಯಿಂದ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ವಿಮಾನಪುರವನ್ನು ಹಾದುಹೋಗುವಾಗ, ಬ್ರಿಟಾನಿಯಾದ ಕಚೇರಿ ಇದ್ದ ತಾಣದ ಮುಂದೆ ನನಗೆ ಪಾಮರನ ಕೊಡೆ ನೆನಪಾಗುವುದುಂಟು.

ಕಳೆದ ವರ್ಷ ಹಳೆಯ ಡಬ್ಬಿಗಳನ್ನು ಸಂಗ್ರಹಿಸುವ ಗೃಹಸ್ಥರೊಬ್ಬರು ಮನೆಗೆ ಬಂದಿದ್ದರು. ಸಜ್ಜನರು, ತಗಡಿನ ಮಡಿಕೆಯನ್ನೂ ಬೆಸುಗೆಯನ್ನೂ ಬೆರಳಿನಿಂದ ಸವರಿ ನೋಡಿ, ಚಿತ್ರ ಅಳಿಸಿಹೋದುದಕ್ಕೆ ಮರುಗಿ, ಆದರೂ ನನ್ನ ಎಣಿಕೆಗೆ ಮೀರಿದ ಬೆಲೆ ಹೇಳಿದರು. ಒಳಗಿನ ಕಾಗದಗಳನ್ನು ನಾನು ಬೇರೆ ಕಡೆ ಇಟ್ಟುಕೊಳ್ಳಬಹುದಲ್ಲ ಎಂಬುದು ಅವರ ಸಲಹೆ. ನ್ಯಾಯವಾದ ಮಾತೇ. ಆ ಹಾಳೆಗಳ ಛಾಯಾಪ್ರತಿ ನನ್ನ ಬಳಿ ಇದೆ. ಮನೆಯಲ್ಲಿ ಗೆದ್ದಲೂ ಇಲ್ಲ. ಉತ್ತರ ಹೇಳಲು ಒಂದು ವಾರ ಬೇಕೆಂದೆ. ಅವರಿಗೆ ಕಾಫಿಯ ಜೊತೆ ಹಿಂದಿನ ದಿನದ ಬೆಣ್ಣೆ ಬಿಸ್ಕತ್ತು ಕೊಟ್ಟೆವು. ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲವೆಂದು ತೋರುತ್ತದೆ. ಬಿಸ್ಕತ್ತು ಕೊಂಚ ಮೆತ್ತಗಾಗಿತ್ತು. ಅವರು ಅದನ್ನು ಗಮನಿಸಿದರು, ಏನೂ ಹೇಳಲಿಲ್ಲ.

ವಾರ ಕಳೆದು ಬೇಡವೆಂದು ತಿಳಿಸಿದೆ. ನೋಟುಪುಸ್ತಕಗಳು ಅಲ್ಲೇ ಇವೆ. ಆ ಡಬ್ಬಿಯಲ್ಲಿ ನಮ್ಮ ಮನೆಯವರು ಯಾರೂ ಇದುವರೆಗೆ ಒಂದು ಬಿಸ್ಕತ್ತನ್ನೂ ಇಟ್ಟಿಲ್ಲ.