ಮನೆಯ ಬೆಲೆ ಅರಿತ ಬರಹಗಾರ ಚಾರ್ಲ್ಸ್ ಡಿಕನ್ಸ್

ಅನ್ನ, ಬಟ್ಟೆ, ವಸತಿ ಇವು ಮನುಷ್ಯನ ಮೂಲಭೂತ ಅಗತ್ಯಗಳು ಎಂಬುದನ್ನು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೇವೆ. ಹಸಿದವರಿಗೆ ಅನ್ನ ಹಾಕಬೇಕು, ಬಟ್ಟೆ ಇಲ್ಲದವರಿಗೆ ಬಟ್ಟೆ ಕೊಡಬೇಕು ಎಂಬುದು ನಮಗೆ ಸುಲಭವಾಗಿ ಅರ್ಥವಾಗುತ್ತದೆ. ಆದರೆ ಮನೆಯೇ ಇಲ್ಲದವರನ್ನು ಕಂಡಾಗ ನಮ್ಮ ಮನಸ್ಸು ಬೇರೆ ರೀತಿ ಯೋಚಿಸುತ್ತದೆ. ರಜೆಗೆ ಊರಿಗೆ ಹೋದಾಗ ರೈಲು ನಿಲ್ದಾಣದ ಹೊರಗೆ ಗೋಣಿಚೀಲ ಹೊದ್ದು ಮಲಗಿದವರನ್ನು ನೋಡಿ, ಇವರಿಗೆ ಮನೆ ಯಾಕಿಲ್ಲ ಎಂದು ಮಕ್ಕಳು ಕೇಳುತ್ತಾರೆ. ದೊಡ್ಡವರಾದ ನಾವು ಸೋಮಾರಿಗಳು, ಕುಡುಕರು ಎಂದು ಒಂದೇ ಮಾತಿನಲ್ಲಿ ಉತ್ತರ ಮುಗಿಸಿ, ಮಕ್ಕಳ ಕೈ ಹಿಡಿದು ಮುಂದೆ ನಡೆಯುತ್ತೇವೆ.

ಮಕ್ಕಳ ಆ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಲು ತನ್ನ ಜೀವನವನ್ನೇ ಸವೆಸಿದ ಒಬ್ಬ ಮಹನೀಯರ ಕಥೆಯನ್ನು ಈ ಸಲ ನಮ್ಮ ವಿದ್ಯಾರ್ಥಿಗಳ ಮುಂದಿಡುತ್ತಿದ್ದೇವೆ. ಅವರ ಹೆಸರು ಚಾರ್ಲ್ಸ್ ಡಿಕನ್ಸ್. ಇಂಗ್ಲಿಷ್ ತರಗತಿಯಲ್ಲಿ 'ಆಲಿವರ್ ಟ್ವಿಸ್ಟ್' ಕಾದಂಬರಿಯ ಸಂಕ್ಷಿಪ್ತ ರೂಪವನ್ನು ಓದಿದವರಿಗೆ ಅವರ ಪರಿಚಯ ಇದ್ದೇ ಇರುತ್ತದೆ. ಆದರೆ ಆಲಿವರನ ಕಷ್ಟವನ್ನು ಬರೆದ ಕೈ ಒಂದು ಕಾಲದಲ್ಲಿ ಬೂಟ್ ಪಾಲಿಶ್ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿತ್ತು ಎಂಬುದು ಎಷ್ಟು ಮಂದಿಗೆ ಗೊತ್ತು?

ಡಿಕನ್ಸ್ ಹುಟ್ಟಿದ್ದು 1812ರ ಫೆಬ್ರವರಿ 7ರಂದು, ಇಂಗ್ಲೆಂಡಿನ ಪೋರ್ಟ್ಸ್‌ಮತ್ ಎಂಬ ಬಂದರು ಪಟ್ಟಣದಲ್ಲಿ. ಎಂಟು ಮಕ್ಕಳಲ್ಲಿ ಎರಡನೆಯವರು. ತಂದೆ ಜಾನ್ ಡಿಕನ್ಸ್ ನೌಕಾಪಡೆಯ ಸಂಬಳದ ಕಚೇರಿಯಲ್ಲಿ ಗುಮಾಸ್ತರು. ಸೋಮಾರಿಯಲ್ಲ, ಕುಡುಕರೂ ಅಲ್ಲ. ಮಕ್ಕಳೆಂದರೆ ಪ್ರಾಣ. ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚುವ ಅಭ್ಯಾಸ ಅವರಿಗಿರಲಿಲ್ಲ. ಸಂಸಾರ ಬೆಳೆಯಿತು, ಖರ್ಚು ಬೆಳೆಯಿತು, ಸಾಲವೂ ಬೆಳೆಯಿತು. ಸಾಲದ ಬಗ್ಗೆ ಸರ್ವಜ್ಞ ಹೇಳಿದ್ದನ್ನು ಕನ್ನಡ ಪಾಠದಲ್ಲಿ ಓದಿದ ಮಕ್ಕಳಿಗೆ ಮುಂದಿನದನ್ನು ಊಹಿಸುವುದು ಕಷ್ಟವಲ್ಲ.

1822ರಲ್ಲಿ ಕುಟುಂಬ ಲಂಡನ್ನಿಗೆ ಬಂತು. ಸಂಸಾರವನ್ನು ಎತ್ತಿ ನಿಲ್ಲಿಸಲು ತಾಯಿ ಎಲಿಜಬೆತ್ ಒಂದು ಶಾಲೆ ತೆರೆಯಲು ಮುಂದಾದರು. ಬಾಡಿಗೆ ಮನೆಯ ಬಾಗಿಲಿಗೆ ಹಿತ್ತಾಳೆಯ ಫಲಕ ಹಾಕಿಸಿದರು. ಪುಟ್ಟ ಚಾರ್ಲ್ಸ್ ಮನೆಮನೆಗೆ ಹೋಗಿ ಪ್ರಕಟಣೆ ಹಂಚಿ ಬಂದ. ಆದರೆ ಆ ಶಾಲೆಗೆ ಒಂದು ಮಗುವೂ ಸೇರಲಿಲ್ಲ. ಮನೆಯ ಸಾಮಾನುಗಳು ಒಂದೊಂದಾಗಿ ಗಿರವಿ ಅಂಗಡಿ ಸೇರಿದವು. ಚಾರ್ಲ್ಸ್ ಪ್ರೀತಿಸುತ್ತಿದ್ದ ಪುಸ್ತಕಗಳೂ ಮಾರಾಟವಾದವು. ಅವುಗಳನ್ನು ಹೊತ್ತು ಅಂಗಡಿಗೆ ಕೊಟ್ಟು ಬರುವ ಕೆಲಸ ಆ ಹುಡುಗನ ಪಾಲಿಗೇ ಬಂತು.

1824ರ ಫೆಬ್ರವರಿಯಲ್ಲಿ, ಹನ್ನೆರಡು ತುಂಬಿದ ಕೆಲವೇ ದಿನಗಳಲ್ಲಿ, ಚಾರ್ಲ್ಸ್ ಥೇಮ್ಸ್ ನದಿಯ ದಡದ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ. ಇಲಿಗಳು ಓಡಾಡುತ್ತಿದ್ದ ಹಳೆಯ ಕಟ್ಟಡ. ದಿನಕ್ಕೆ ಸುಮಾರು ಹತ್ತು ಗಂಟೆ ದುಡಿಮೆ, ವಾರಕ್ಕೆ ಆರೋ ಏಳೋ ಷಿಲಿಂಗ್ ಕೂಲಿ. ಅದೇ ತಿಂಗಳು ಬ್ರೆಡ್ ಅಂಗಡಿಯವನೊಬ್ಬನಿಗೆ ಕೊಡಬೇಕಾಗಿದ್ದ 40 ಪೌಂಡ್ 10 ಷಿಲಿಂಗ್ ಸಾಲಕ್ಕಾಗಿ ತಂದೆಯನ್ನು ಮಾರ್ಷಲ್‌ಸೀ ಎಂಬ ಸಾಲಗಾರರ ಜೈಲಿಗೆ ಹಾಕಿದರು. ಸಾಲ ತೀರಿಸಲು ದುಡಿಯಬೇಕಾದವನನ್ನೇ ದುಡಿಯಲಾಗದಂತೆ ಕೂಡಿಹಾಕುವ ಕಾನೂನು ಆಗ ಇಂಗ್ಲೆಂಡಿನಲ್ಲಿ ಜಾರಿಯಲ್ಲಿತ್ತು! ಕೆಲವೇ ವಾರಗಳಲ್ಲಿ ಮನೆಯನ್ನೂ ಬಿಡಬೇಕಾಯಿತು. ಬಾಡಿಗೆ ಕೊಡಲಾಗದ ತಾಯಿ ಚಿಕ್ಕ ಮಕ್ಕಳೊಂದಿಗೆ ಗಂಡನಿದ್ದ ಜೈಲಿನ ಕೋಣೆಯಲ್ಲೇ ವಾಸಕ್ಕೆ ಹೋದರು.

ಚಾರ್ಲ್ಸ್ ಹೊರಗೆ ಉಳಿದ. ಮೊದಲು ಪರಿಚಯದ ಮಹಿಳೆಯೊಬ್ಬರ ಮನೆಯಲ್ಲಿ, ಆಮೇಲೆ ಜೈಲಿಗೆ ಹತ್ತಿರದ ಒಂದು ಅಟ್ಟದ ಕೋಣೆಯಲ್ಲಿ ಅವನ ವಾಸ. ಬೆಳಿಗ್ಗೆ ಜೈಲಿಗೆ ಹೋಗಿ ಮನೆಯವರ ಜೊತೆ ತಿಂಡಿ ತಿಂದು, ಕಾರ್ಖಾನೆಗೆ ನಡೆದು, ರಾತ್ರಿ ಒಂಟಿಯಾಗಿ ಕೋಣೆಗೆ ಮರಳುವುದು. ನಮ್ಮ ಏಳನೇ ತರಗತಿಯ ಮಗುವಿನ ವಯಸ್ಸು ಅವನದು.

ಆ ದಿನಗಳ ಒಂದು ಘಟನೆ ನಮ್ಮ ಮನಸ್ಸನ್ನು ತುಂಬ ತಟ್ಟಿತು. ಒಂದು ದಿನ ಕಾರ್ಖಾನೆಯಲ್ಲಿ ಚಾರ್ಲ್ಸನಿಗೆ ಪಕ್ಕೆಯಲ್ಲಿ ವಿಪರೀತ ನೋವು ಬಂತು. ಜೊತೆಗಾರ ಬಾಬ್ ಫೇಗಿನ್ ಎಂಬ ಹುಡುಗ ಖಾಲಿ ಸೀಸೆಗಳಿಗೆ ಬಿಸಿನೀರು ತುಂಬಿ ಶಾಖ ಕೊಟ್ಟ. ಸಂಜೆ ಮನೆಯವರೆಗೂ ಬಿಟ್ಟು ಬರುತ್ತೇನೆಂದು ಜೊತೆಗೆ ಹೊರಟ. ತನ್ನವರು ಇರುವುದು ಜೈಲಿನಲ್ಲಿ ಎಂದು ಹೇಳಲು ಚಾರ್ಲ್ಸನಿಗೆ ನಾಚಿಕೆ. ಎಷ್ಟು ಬೇಡವೆಂದರೂ ಬಾಬ್ ಕೇಳಲಿಲ್ಲ. ಕೊನೆಗೆ ಸದರ್ಕ್ ಸೇತುವೆಯ ಬಳಿ ಯಾರದೋ ಮನೆಯ ಮೆಟ್ಟಿಲ ಮೇಲೆ ನಿಂತು, ಇದೇ ನಮ್ಮ ಮನೆ ಎಂಬಂತೆ ನಟಿಸಿ ಅವನನ್ನು ಬೀಳ್ಕೊಟ್ಟ. ಬಾಬ್ ತಿರುಗಿ ನೋಡಿದರೆ ಅನುಮಾನ ಬರಬಾರದೆಂದು ಬಾಗಿಲನ್ನೂ ತಟ್ಟಿದ. ಬಾಗಿಲು ತೆರೆದ ಹೆಂಗಸಿನ ಹತ್ತಿರ ಬಾಬನ ಹೆಸರನ್ನೇ ಹೇಳಿ, ಇದು ಅವರ ಮನೆಯೇ ಎಂದು ಕೇಳಿ ಪಾರಾದ. ಮನೆ ಇಲ್ಲದವರ ನೋವು ಚಳಿ ಮಳೆಯದು ಮಾತ್ರವಲ್ಲ, ನಾಚಿಕೆಯದೂ ಹೌದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ದಿವಾಳಿ ಕಾಯ್ದೆಯ ನೆರವಿನಿಂದ ತಂದೆ ಮೇ ತಿಂಗಳಲ್ಲಿ ಬಿಡುಗಡೆಯಾದರು. ಸುಮಾರು ಒಂದು ವರ್ಷದ ನಂತರ ಚಾರ್ಲ್ಸನನ್ನು ಕಾರ್ಖಾನೆಯಿಂದ ಬಿಡಿಸಿ ಶಾಲೆಗೆ ಸೇರಿಸಿದ್ದು ಆ ತಂದೆಯೇ. ತಾಯಿ ಮಾತ್ರ ಅವನು ಕೆಲಸಕ್ಕೆ ಮರಳಲಿ ಎಂದು ಬಯಸಿದ್ದರು. ಅದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಮುಂದೆ ಜಗತ್ಪ್ರಸಿದ್ಧರಾದ ಮೇಲೂ ಈ ಕಥೆಯನ್ನು ಆಪ್ತಮಿತ್ರ ಜಾನ್ ಫಾರ್ಸ್ಟರ್ ಅವರಿಗೆ ಬಿಟ್ಟು ಹೊರಗೆ ಹೇಳಿಕೊಳ್ಳಲಿಲ್ಲ. ಡಿಕನ್ಸ್ ತೀರಿಕೊಂಡ ಮೇಲೆ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದಲೇ ಲೋಕಕ್ಕೆ ಇದು ತಿಳಿಯಿತು.

ಹದಿನೈದನೇ ವಯಸ್ಸಿಗೆ ಡಿಕನ್ಸ್ ವಕೀಲರ ಕಚೇರಿಯಲ್ಲಿ ಗುಮಾಸ್ತರಾದರು. ಸ್ವಂತ ಶ್ರಮದಿಂದ ಶೀಘ್ರಲಿಪಿ ಕಲಿತು ಸಂಸತ್ತಿನ ವರದಿಗಾರರಾದರು. 1836ರಲ್ಲಿ ಆರಂಭವಾದ 'ಪಿಕ್‌ವಿಕ್ ಪೇಪರ್ಸ್' ಅವರನ್ನು ಮನೆಮಾತಾಗಿಸಿತು. ಮರುವರ್ಷವೇ ಅವರು 'ಆಲಿವರ್ ಟ್ವಿಸ್ಟ್' ಬರೆಯತೊಡಗಿದರು. ಅದಕ್ಕೆ ಕಾರಣವಿತ್ತು. 1834ರಲ್ಲಿ ಬಂದ ಹೊಸ ಬಡವರ ಕಾನೂನಿನ ಪ್ರಕಾರ, ಸಹಾಯ ಬೇಕಾದ ಬಡವರು ವರ್ಕ್‌ಹೌಸ್ ಎಂಬ ದುಡಿಮೆಮನೆಯನ್ನು ಸೇರಬೇಕಿತ್ತು. ಅಲ್ಲಿ ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ಇಡುತ್ತಿದ್ದರು. ಅಲ್ಲಿನ ಬದುಕು ಹೊರಗಿನ ಅತ್ಯಂತ ಬಡ ಕೂಲಿಯವನ ಬದುಕಿಗಿಂತ ಕೆಳಮಟ್ಟದಲ್ಲಿರಬೇಕು ಎಂಬುದೇ ಸರ್ಕಾರದ ನೀತಿ. ಸುಖವಾಗಿದ್ದರೆ ಸೋಮಾರಿಗಳು ತುಂಬಿಕೊಳ್ಳುತ್ತಾರೆ ಎಂಬ ಭಯ! ಇನ್ನೊಂದು ಬಟ್ಟಲು ಗಂಜಿ ಕೇಳಿದ ಆಲಿವರನನ್ನು ಅಪರಾಧಿಯಂತೆ ನಡೆಸಿಕೊಳ್ಳುವ ದೃಶ್ಯವನ್ನು ಬರೆದು ಡಿಕನ್ಸ್ ಆ ನೀತಿಯನ್ನು ಜನರ ಮುಂದೆ ಬಯಲು ಮಾಡಿದರು.

1843ರಲ್ಲಿ ಅವರು ಲಂಡನ್ನಿನ ಫೀಲ್ಡ್ ಲೇನ್‌ನಲ್ಲಿ ಬೀದಿ ಮಕ್ಕಳಿಗಾಗಿ ನಡೆಯುತ್ತಿದ್ದ ಉಚಿತ ಶಾಲೆಗೆ ಭೇಟಿ ಕೊಟ್ಟರು. ಅಲ್ಲಿ ಕಂಡದ್ದು ಅವರ ನಿದ್ದೆ ಕೆಡಿಸಿತು. ಅದೇ ವರ್ಷದ ಕೊನೆಯಲ್ಲಿ ಬಂದ 'ಎ ಕ್ರಿಸ್‌ಮಸ್ ಕ್ಯಾರಲ್' ಕಥೆಯಲ್ಲಿ ಅಜ್ಞಾನ ಮತ್ತು ಕೊರತೆ ಎಂಬ ಇಬ್ಬರು ಬಡಕಲು ಮಕ್ಕಳು ಕಾಣಿಸಿಕೊಳ್ಳುತ್ತಾರೆ. ಮುಂದೆ 'ಬ್ಲೀಕ್ ಹೌಸ್' ಕಾದಂಬರಿಯಲ್ಲಿ ರಸ್ತೆ ಗುಡಿಸುವ ಜೋ ಎಂಬ ಅನಾಥ ಹುಡುಗ ಬರುತ್ತಾನೆ. ಎಲ್ಲಿ ನಿಂತರೂ ಪೊಲೀಸರು ಅವನನ್ನು ಮುಂದೆ ಅಟ್ಟುತ್ತಾರೆ. ಎಲ್ಲಿಗೆ ಹೋಗಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಇದು ಬರೀ ಕಲ್ಪನೆಯಲ್ಲ. ಬಯಲಿನಲ್ಲಿ ಮಲಗುವುದನ್ನೇ ಅಪರಾಧ ಮಾಡಿದ ಅಲೆಮಾರಿ ಕಾಯ್ದೆ ಇಂಗ್ಲೆಂಡಿನಲ್ಲಿ ಜಾರಿಗೆ ಬಂದದ್ದು 1824ರಲ್ಲಿ, ಅಂದರೆ ಚಾರ್ಲ್ಸ್ ಮನೆ ಕಳೆದುಕೊಂಡ ಅದೇ ವರ್ಷ. ಅದನ್ನು ರದ್ದುಗೊಳಿಸಲು ಬ್ರಿಟಿಷ್ ಸಂಸತ್ತು ಒಪ್ಪಿದ್ದು 2022ರಲ್ಲಿ!

ಬರೆದು ಸುಮ್ಮನಾಗುವವರು ಡಿಕನ್ಸ್ ಅಲ್ಲ. ಆಂಜೆಲಾ ಬರ್ಡೆಟ್ ಕೂಟ್ಸ್ ಎಂಬ ಸಿರಿವಂತ ಮಹಿಳೆ ಹಣ ಕೊಡಲು ಮುಂದೆ ಬಂದಾಗ, 1847ರಲ್ಲಿ ಇಬ್ಬರೂ ಸೇರಿ ಲಂಡನ್ನಿನ ಶೆಫರ್ಡ್ಸ್ ಬುಷ್‌ನಲ್ಲಿ ಯುರೇನಿಯಾ ಕಾಟೇಜ್ ಎಂಬ ಮನೆ ತೆರೆದರು. ಜೈಲಿನಿಂದ, ವರ್ಕ್‌ಹೌಸಿನಿಂದ, ಬೀದಿಯಿಂದ ಬಂದ ನಿರ್ಗತಿಕ ಯುವತಿಯರಿಗೆ ಅಲ್ಲಿ ಆಶ್ರಯ. ಹತ್ತು ವರ್ಷ ಡಿಕನ್ಸ್ ಅದರ ಉಸ್ತುವಾರಿಯನ್ನು ಖುದ್ದಾಗಿ ನೋಡಿಕೊಂಡರು. ಬೂದು ಬಣ್ಣದ ಸಮವಸ್ತ್ರ ಬೇಡ, ಲವಲವಿಕೆಯ ಬಣ್ಣದ ಉಡುಪು ಇರಲಿ ಎಂದರು. ಓದು, ಬರಹ, ಅಡುಗೆ, ಹೊಲಿಗೆ ಕಲಿಸಲು ಏರ್ಪಾಡು ಮಾಡಿದರು. ಪುಸ್ತಕಗಳಿದ್ದವು, ಹೂವಿನ ತೋಟವಿತ್ತು. ಸತ್ಯ, ಶ್ರಮ, ಸಮಯಪಾಲನೆ ಮುಂತಾದ ಗುಣಗಳಿಗೆ ದಿನದಿನವೂ ಅಂಕ. ಆ ಅಂಕಗಳು ಹಣವಾಗಿ ಅವರವರ ಹೆಸರಿನಲ್ಲಿ ಜಮೆಯಾಗುತ್ತಿದ್ದವು. ತರಬೇತಿ ಮುಗಿದವರು ಆಸ್ಟ್ರೇಲಿಯಾದಂಥ ದೂರದ ದೇಶಗಳಿಗೆ ಹೋಗಿ ಹೊಸ ಬಾಳು ಆರಂಭಿಸಬೇಕಿತ್ತು.

ಎಲ್ಲರೂ ಗೆದ್ದರೇ? ಇಲ್ಲ. ಕೆಲವರು ಓಡಿಹೋದರು. ನಿಯಮ ಮುರಿದ ಕೆಲವರನ್ನು ಡಿಕನ್ಸ್ ಅವರೇ ಹೊರಗೆ ಕಳಿಸಿದರು. ಅವರು ಮತ್ತೆ ಅದೇ ಬೀದಿಗೆ ಹೋಗಬೇಕಾಯಿತು ಎಂದು ಓದುವಾಗ ಅವರ ಕಟ್ಟುನಿಟ್ಟು ಅತಿಯಾಯಿತೇನೋ ಎಂದು ನಮಗೆ ಅನ್ನಿಸುತ್ತದೆ. ಆದರೂ 1853ರಲ್ಲಿ ಅವರೇ ಬರೆದ ಲೆಕ್ಕದಂತೆ, ಅದುವರೆಗೆ ಬಂದ ಐವತ್ತಕ್ಕೂ ಹೆಚ್ಚು ಮಂದಿಯಲ್ಲಿ ಸುಮಾರು 30 ಮಂದಿ ಹೊಸ ನೆಲದಲ್ಲಿ ಒಳ್ಳೆಯ ಕೆಲಸ ಹಿಡಿದು ನೆಲೆ ಕಂಡಿದ್ದರು. ಸಮಾಜ ಕೈಬಿಟ್ಟ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎದ್ದು ನಿಂತದ್ದು ಸಣ್ಣ ಮಾತಲ್ಲ.

1855ರ ನವೆಂಬರ್ ತಿಂಗಳ ಒಂದು ರಾತ್ರಿ. ಲಂಡನ್ನಿನ ವೈಟ್‌ಚಾಪೆಲ್ ವರ್ಕ್‌ಹೌಸಿನ ಗೋಡೆಗೆ ಒರಗಿಸಿದ ಐದು ಚಿಂದಿ ಮೂಟೆಗಳು ಮಳೆಯಲ್ಲಿ ತೊಯ್ಯುತ್ತಿರುವುದನ್ನು ಡಿಕನ್ಸ್ ಕಂಡರು. ಹತ್ತಿರ ಹೋದರೆ ಅವು ಮೂಟೆಗಳಲ್ಲ, ಮನುಷ್ಯರು! ಡಿಕನ್ಸ್ ಬಾಗಿಲು ತಟ್ಟಿ ಮೇಲ್ವಿಚಾರಕನನ್ನು ವಿಚಾರಿಸಿದರು. ಆತ ಒರಟನಲ್ಲ, ಸೌಜನ್ಯದಿಂದಲೇ ಮಾತನಾಡಿದ. ಆದರೆ ಒಳಗೆ ಜಾಗ ಭರ್ತಿಯಾಗಿತ್ತು. ಡಿಕನ್ಸ್ ಐವರನ್ನೂ ಮಾತನಾಡಿಸಿ, ಊಟಕ್ಕೂ ತಂಗುವುದಕ್ಕೂ ಒಬ್ಬೊಬ್ಬರಿಗೆ ಒಂದೊಂದು ಷಿಲಿಂಗ್ ಕೊಟ್ಟರು. ಅವರು ಕತ್ತಲಲ್ಲಿ ಕರಗಿಹೋದರು. ಮರುದಿನ ರಾತ್ರಿ ಅವರು ಎಲ್ಲಿ ಮಲಗಿದರೋ ಯಾರಿಗೂ ಗೊತ್ತಿಲ್ಲ. ಒಬ್ಬನ ದಯೆ ಒಂದು ರಾತ್ರಿಗೆ ಸಾಕು. ಉಳಿದ ರಾತ್ರಿಗಳಿಗೆ ವ್ಯವಸ್ಥೆಯೇ ಬದಲಾಗಬೇಕು. ಡಿಕನ್ಸ್ ಈ ಘಟನೆಯನ್ನು ತಮ್ಮ ಪತ್ರಿಕೆಯಲ್ಲಿ ಬರೆದದ್ದೂ ಅದಕ್ಕಾಗಿಯೇ ಇರಬೇಕು.

ಡಿಕನ್ಸ್ ಬದುಕಿನಲ್ಲಿ ಇನ್ನೊಂದು ಮನೆಯಿದೆ. ಬಾಲ್ಯದಲ್ಲಿ ತಂದೆಯ ಜೊತೆ ವಾಕಿಂಗ್ ಹೋಗುವಾಗ ಗ್ಯಾಡ್ಸ್ ಹಿಲ್ ಎಂಬಲ್ಲಿ ಒಂದು ದೊಡ್ಡ ಮನೆಯನ್ನು ಅವರು ಆಸೆಯಿಂದ ನೋಡುತ್ತಿದ್ದರು. ಚೆನ್ನಾಗಿ ದುಡಿದರೆ ಮುಂದೊಂದು ದಿನ ನೀನೂ ಇಲ್ಲಿರಬಹುದು ಎಂದು ತಂದೆ ಹೇಳುತ್ತಿದ್ದರಂತೆ. 1856ರಲ್ಲಿ ಡಿಕನ್ಸ್ ಅದೇ ಮನೆಯನ್ನು ಕೊಂಡರು. ಸಾಲಗಾರರನ್ನು ಜೈಲಿಗೆ ಹಾಕುವ ಪದ್ಧತಿಯನ್ನು ಬಹುಮಟ್ಟಿಗೆ ಕೊನೆಗೊಳಿಸಿದ ಕಾನೂನು 1869ರಲ್ಲಿ ಬಂತು. ಮರುವರ್ಷ, 1870ರ ಜೂನ್ 9ರಂದು, ಗ್ಯಾಡ್ಸ್ ಹಿಲ್ ಮನೆಯಲ್ಲೇ 58ನೇ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವರ ಸಮಾಧಿಯಿದೆ. 1924ರಲ್ಲಿ ಆ ಮನೆಯಲ್ಲಿ ಒಂದು ಶಾಲೆ ಆರಂಭವಾಯಿತು ಎಂಬುದು ಶಿಕ್ಷಕರಾದ ನಮಗೆ ಸಂತೋಷದ ಸಂಗತಿ.

ಈ ಜೀವನದಿಂದ ನಾವು ಏನು ಕಲಿಯಬಹುದು? ಮನುಷ್ಯ ಒಂದೇ ದಿನಕ್ಕೆ ಬೀದಿಗೆ ಬೀಳುವುದಿಲ್ಲ. ಸಾಲ, ಸಾಲದಿಂದ ಕೆಲಸಕ್ಕೆ ಕುತ್ತು, ಬಾಡಿಗೆ ಬಾಕಿ, ಕುಟುಂಬದ ಚದುರುವಿಕೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾನೆ. ಕಾಯಿಲೆಯೂ ಕುಡಿತವೂ ಎಷ್ಟೋ ಸಲ ಆ ಮೆಟ್ಟಿಲುಗಳಲ್ಲಿ ಸೇರಿರುತ್ತವೆ. ಕೊನೆಯ ಮೆಟ್ಟಿಲನ್ನು ಮಾತ್ರ ನೋಡುವ ನಾವು ಅವನನ್ನೇ ದೂರುತ್ತೇವೆ. ತಪ್ಪು ಲೆಕ್ಕ ಜಾನ್ ಡಿಕನ್ಸ್ ಅವರದೇ ಇರಬಹುದು. ಆದರೆ ಅದರ ಶಿಕ್ಷೆ ಅನುಭವಿಸಿದ್ದು ಹನ್ನೆರಡರ ಬಾಲಕ. ಅವನನ್ನು ಮೇಲೆತ್ತಿದ್ದು ಭಿಕ್ಷೆಯಲ್ಲ. ತಂದೆಯನ್ನು ಹೊರತಂದ ಒಂದು ಕಾನೂನು, ಅವನನ್ನು ಸೇರಿಸಿಕೊಂಡ ಒಂದು ಶಾಲೆ ಮತ್ತು ಅವನದೇ ಶ್ರಮ. ಮನೆ ಇಲ್ಲದವರಿಗೆ ಸಮಾಜ ಕೊಡಬೇಕಾದದ್ದೂ ಇದೇ: ತಲೆಯ ಮೇಲೊಂದು ಸೂರು, ಕೈಗೆ ಕೆಲಸ, ಮಕ್ಕಳಿಗೆ ಶಾಲೆ, ಮತ್ತು ಅವರನ್ನು ಅಪರಾಧಿಗಳಂತೆ ನೋಡದ ಕಣ್ಣು.

ಪರದೇಶದ ಬಾಡಿಗೆ ಮನೆಗಳಲ್ಲಿ, ತಿಂಗಳ ಸಂಬಳವನ್ನು ನಂಬಿ ಬಾಳುವ ನಮಗೆ ಇದು ದೂರದ ಕಥೆಯಾಗಬಾರದು. ಮುಂದಿನ ಸಲ ರೈಲು ನಿಲ್ದಾಣದ ಬಳಿ ಮಗು ಅದೇ ಪ್ರಶ್ನೆ ಕೇಳಿದಾಗ, ಪೋಷಕರೇ, ಅವಸರದ ಉತ್ತರ ಬೇಡ. ಮಗುವಿನ ಜೊತೆ ಒಂದು ಗಳಿಗೆ ನಿಂತು, ಸಾಧ್ಯವಾದರೆ ಆ ಮಲಗಿದವರನ್ನೇ ಮಾತನಾಡಿಸೋಣ. ಯಾರಿಗೆ ಗೊತ್ತು, ಅವರ ಪಕ್ಕದಲ್ಲಿ ಮುದುಡಿ ಮಲಗಿದ ಹುಡುಗನಲ್ಲೂ ಒಬ್ಬ ಡಿಕನ್ಸ್ ಇರಬಹುದು. ಅವನನ್ನು ನಾಳೆ ಯಾವ ಶಾಲೆ ಕರೆಯುತ್ತದೆ ಎಂಬುದೇ ಈಗ ನಮ್ಮೆಲ್ಲರ ಮುಂದಿರುವ ಪ್ರಶ್ನೆ.