ಎರಡು ಮಹಾಯುದ್ಧಗಳ ಲೆಕ್ಕ ಬರೆದ ಜಾನ್ ಮೇನಾರ್ಡ್ ಕೇನ್ಸ್

1906ರಲ್ಲಿ ಲಂಡನ್ನಿನ ಇಂಡಿಯಾ ಆಫೀಸಿಗೆ ಇಪ್ಪತ್ಮೂರು ವರ್ಷದ ತರುಣ ಅಧಿಕಾರಿಯೊಬ್ಬರು ಸೇರಿದರು. ಅವರ ಪಾಲಿಗೆ ಬಂದ ಮೊದಲ ಕೆಲಸ, ಐರ್ಷೈರ್ ತಳಿಯ ಹತ್ತು ಎಳೆಯ ಹೋರಿಗಳನ್ನು ಹಡಗಿನಲ್ಲಿ ಮುಂಬಯಿಗೆ ಕಳುಹಿಸುವ ವ್ಯವಸ್ಥೆ ಮಾಡುವುದು. ಎರಡು ವರ್ಷಗಳಲ್ಲೇ ಬೇಸತ್ತು ಆ ಹುದ್ದೆಯನ್ನು ಬಿಟ್ಟ ಈ ತರುಣರೇ ಮುಂದೆ ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರಭಾವಶಾಲಿ ಅರ್ಥಶಾಸ್ತ್ರಜ್ಞರೆನಿಸಿದ ಜಾನ್ ಮೇನಾರ್ಡ್ ಕೇನ್ಸ್. ಎರಡು ಮಹಾಯುದ್ಧಗಳ ಕೊನೆಯಲ್ಲಿ ಜಗತ್ತಿನ ವ್ಯವಸ್ಥೆಯನ್ನು ಮತ್ತೆ ಕಟ್ಟುವ ಮಾತುಕತೆಗಳು ನಡೆದಾಗ, ಎರಡು ಸಲವೂ ಆ ಮೇಜಿನ ಮುಂದೆ ಕುಳಿತಿದ್ದ ಕೆಲವೇ ವ್ಯಕ್ತಿಗಳಲ್ಲಿ ಅವರೂ ಒಬ್ಬರು.

ಕೇನ್ಸರು 1883ರ ಜೂನ್ 5ರಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜನಿಸಿದರು. ತಂದೆ ಜಾನ್ ನೆವಿಲ್ ಕೇನ್ಸ್ ವಿಶ್ವವಿದ್ಯಾಲಯದ ಅಧ್ಯಾಪಕರು. ತಾಯಿ ಫ್ಲಾರೆನ್ಸ್ ಸಮಾಜಸೇವಕಿ, ಮುಂದೆ ಅದೇ ನಗರದ ಮೇಯರ್ ಆದವರು. ಈಟನ್ ಶಾಲೆ ಹಾಗೂ ಕಿಂಗ್ಸ್ ಕಾಲೇಜಿನಲ್ಲಿ ಓದಿದ ಕೇನ್ಸರಿಗೆ ಗಣಿತದಲ್ಲಿ ಎಷ್ಟು ಆಸಕ್ತಿಯೋ ಸಾಹಿತ್ಯ, ಚಿತ್ರಕಲೆಗಳಲ್ಲಿಯೂ ಅಷ್ಟೇ. ಭಾರತಕ್ಕೆ ಅವರು ಎಂದೂ ಬರಲಿಲ್ಲ. ಆದರೂ 1913ರಲ್ಲಿ ಪ್ರಕಟವಾದ ಅವರ ಮೊದಲ ಗ್ರಂಥದ ವಿಷಯ ನಮ್ಮ ರೂಪಾಯಿಯೇ ಆಗಿತ್ತು. ಅದೇ ವರ್ಷ ಭಾರತದ ಹಣಕಾಸನ್ನು ಕುರಿತ ರಾಯಲ್ ಕಮಿಷನ್ನಿನ ಸದಸ್ಯರಾಗಿಯೂ ಅವರು ನೇಮಕಗೊಂಡರು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಮರುವರ್ಷ ಕೇನ್ಸರು ಬ್ರಿಟನ್ನಿನ ಹಣಕಾಸು ಇಲಾಖೆಯನ್ನು ಸೇರಿದರು. ಬ್ರಿಟನ್ ಅಮೆರಿಕದಿಂದ ಸಾಲ ತಂದು ಫ್ರಾನ್ಸ್, ಇಟಲಿ, ರಷ್ಯಗಳಿಗೆ ಸಾಲ ಕೊಡುತ್ತಿದ್ದ ಕಾಲವದು. ಆ ಸರಪಳಿಯ ಲೆಕ್ಕವೆಲ್ಲ ಅವರ ಕೈಯಲ್ಲಿತ್ತು. ಶತಮಾನದ ಕಾಲ ಜಗತ್ತಿಗೇ ಸಾಲ ಕೊಟ್ಟಿದ್ದ ಲಂಡನ್ ನಗರ ನ್ಯೂಯಾರ್ಕಿನ ಮುಂದೆ ಕೈಯೊಡ್ಡುವ ಸ್ಥಿತಿಗೆ ಬಂದುದನ್ನು ಅವರು ಹತ್ತಿರದಿಂದ ಕಂಡರು. ಅವರ ಆಪ್ತ ಗೆಳೆಯರಲ್ಲಿ ಹಲವರು ಯುದ್ಧವಿರೋಧಿಗಳು. ಯುದ್ಧಕ್ಕೆ ಹಣ ಹೊಂದಿಸುವ ಕೆಲಸದಲ್ಲಿ ನೀವೇಕಿದ್ದೀರಿ ಎಂದು ಅವರು ಕೇನ್ಸರನ್ನು ಆಕ್ಷೇಪಿಸುತ್ತಿದ್ದರು. ಈ ಒಳತೋಟಿ ಯುದ್ಧ ಮುಗಿಯುವವರೆಗೂ ಅವರನ್ನು ಕಾಡಿತು.

1919ರಲ್ಲಿ ಪ್ಯಾರಿಸ್ ಶಾಂತಿ ಸಮ್ಮೇಳನ ಸೇರಿದಾಗ ಕೇನ್ಸರು ಬ್ರಿಟಿಷ್ ಹಣಕಾಸು ಇಲಾಖೆಯ ಮುಖ್ಯ ಪ್ರತಿನಿಧಿಯಾಗಿ ಅಲ್ಲಿದ್ದರು. ಅಮೆರಿಕದ ಅಧ್ಯಕ್ಷ ವಿಲ್ಸನ್, ಫ್ರಾನ್ಸಿನ ಪ್ರಧಾನಿ ಕ್ಲೆಮಾನ್ಸೊ ಹಾಗೂ ಬ್ರಿಟನ್ನಿನ ಪ್ರಧಾನಿ ಲಾಯ್ಡ್ ಜಾರ್ಜ್ ಸೇರಿ ಹೊಸ ಗಡಿಗಳನ್ನು ಎಳೆಯುತ್ತಿದ್ದರು. ಆಸ್ಟ್ರಿಯ-ಹಂಗೆರಿ ಮತ್ತು ಆಟೋಮನ್ ಸಾಮ್ರಾಜ್ಯಗಳು ಚೂರಾಗಿದ್ದವು. ಆದರೆ ಸೋತ ದೇಶಗಳ ಜನರು ಏನು ಉಣ್ಣಬೇಕು, ಕಲ್ಲಿದ್ದಲು ಎಲ್ಲಿಂದ ಬರಬೇಕು, ಸಾಲದ ಸರಪಳಿ ಹೇಗೆ ಬಿಚ್ಚಿಕೊಳ್ಳಬೇಕು ಎಂಬ ಪ್ರಶ್ನೆಗಳಿಗೆ ಅಲ್ಲಿ ತಕ್ಕ ಗಮನ ಸಿಗುತ್ತಿಲ್ಲವೆಂದು ಕೇನ್ಸರಿಗೆ ಅನಿಸಿತು. ಯುರೋಪಿನ ಪುನರುಜ್ಜೀವನಕ್ಕಾಗಿ ಎಲ್ಲ ದೇಶಗಳ ಖಾತರಿಯೊಡನೆ ಸಾಲಪತ್ರಗಳನ್ನು ಹೊರಡಿಸುವ ಯೋಜನೆಯೊಂದನ್ನು ಅವರು ಮುಂದಿಟ್ಟರು. ಅಮೆರಿಕ ಅದನ್ನು ಒಪ್ಪಲಿಲ್ಲ. ಮನನೊಂದ ಕೇನ್ಸರು ಜೂನ್ ತಿಂಗಳ ಆರಂಭದಲ್ಲಿ ರಾಜೀನಾಮೆ ನೀಡಿ ಊರಿಗೆ ಮರಳಿದರು. ಆ ತಿಂಗಳ 28ರಂದು ವರ್ಸೇಲ್ಸ್ ಅರಮನೆಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು.

ಆ ಬೇಸಿಗೆಯಲ್ಲಿ ಅವರು ಬರೆದು ಮುಗಿಸಿದ ಗ್ರಂಥವೇ ಶಾಂತಿಯ ಆರ್ಥಿಕ ಪರಿಣಾಮಗಳು ಎಂಬ ಅರ್ಥದ ಶೀರ್ಷಿಕೆಯುಳ್ಳ ಕೃತಿ. 1919ರ ಡಿಸೆಂಬರಿನಲ್ಲಿ ಹೊರಬಂದ ಈ ಪುಸ್ತಕ ಹಲವು ಭಾಷೆಗಳಿಗೆ ಅನುವಾದಗೊಂಡು, ಕೆಲವೇ ತಿಂಗಳುಗಳಲ್ಲಿ ಒಂದು ಲಕ್ಷದಷ್ಟು ಪ್ರತಿಗಳು ಮಾರಾಟವಾದವು. ಅವರ ವಾದ ನೇರವಾಗಿತ್ತು. ಜರ್ಮನಿಯಿಂದ ಹಣ ಬರಬೇಕಾದರೆ ಆ ದೇಶ ಸರಕು ತಯಾರಿಸಿ ಹೊರಗೆ ಮಾರಬೇಕು. ಅದರ ಗಣಿ, ಹಡಗು, ಮಾರುಕಟ್ಟೆಗಳನ್ನು ಕಸಿದುಕೊಂಡು ಬಳಿಕ ಪರಿಹಾರ ಕೇಳಿದರೆ ಅದು ಎಲ್ಲಿಂದ ಹುಟ್ಟೀತು? ಜರ್ಮನಿ ಕೊಡಬಲ್ಲದ್ದು ಹೆಚ್ಚೆಂದರೆ 200 ಕೋಟಿ ಪೌಂಡ್ ಎಂದು ಅವರು ಅಂದಾಜಿಸಿದ್ದರು. 1921ರಲ್ಲಿ ಗೆದ್ದ ರಾಷ್ಟ್ರಗಳು ಗೊತ್ತುಮಾಡಿದ ಪರಿಹಾರ 13,200 ಕೋಟಿ ಚಿನ್ನದ ಮಾರ್ಕ್, ಅಂದರೆ ಅವರ ಅಂದಾಜಿನ ಮೂರು ಪಟ್ಟಿಗೂ ಹೆಚ್ಚು.

ನಂತರದ ಕಥೆ ಎಲ್ಲರಿಗೂ ತಿಳಿದದ್ದೇ. 1923ರಲ್ಲಿ ಜರ್ಮನಿಯ ಮಾರ್ಕ್ ಕಾಗದಕ್ಕೂ ಕಡೆಯಾಯಿತು. 1929ರಲ್ಲಿ ಆರಂಭವಾದ ಮಹಾಕುಸಿತದಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಇದಕ್ಕೆಲ್ಲ ವರ್ಸೇಲ್ಸ್ ಒಪ್ಪಂದವೊಂದೇ ಕಾರಣವೆಂದು ನಾವು ಹೇಳಲಾರೆವು. ಜರ್ಮನಿ ನಿಜವಾಗಿ ಪಾವತಿಸಿದ್ದು ಹೇರಿದ ಮೊತ್ತದ ಅಲ್ಪ ಭಾಗವನ್ನು ಮಾತ್ರ. ಕೇನ್ಸರ ಪುಸ್ತಕವೇ ಒಪ್ಪಂದದ ಬಗ್ಗೆ ಇಂಗ್ಲೆಂಡ್ ಮತ್ತು ಅಮೆರಿಕಗಳ ನಂಬಿಕೆಯನ್ನು ಸಡಿಲಗೊಳಿಸಿ ಫ್ರಾನ್ಸನ್ನು ಒಂಟಿಯಾಗಿಸಿತೆಂದು ಎತಿಯೆನ್ ಮಾಂಟೂ ಎಂಬ ಫ್ರೆಂಚ್ ಅರ್ಥಶಾಸ್ತ್ರಜ್ಞ ವಾದಿಸಿದರು. ಎರಡನೆಯ ಮಹಾಯುದ್ಧ ಯುರೋಪಿನಲ್ಲಿ ಮುಗಿಯಲು ಕೆಲವೇ ದಿನಗಳಿದ್ದಾಗ ಮಾಂಟೂ ರಣರಂಗದಲ್ಲಿ ಮಡಿದರು. ಅವರ ಗ್ರಂಥ ಆ ಬಳಿಕವೇ ಪ್ರಕಟವಾಯಿತು. ಈ ಚರ್ಚೆ ಇತಿಹಾಸಕಾರರ ನಡುವೆ ಇಂದಿಗೂ ಮುಗಿದಿಲ್ಲ.

ಎರಡು ಯುದ್ಧಗಳ ನಡುವಣ ಕಾಲದಲ್ಲಿ ಕೇನ್ಸರು ಕೇಂಬ್ರಿಜ್‌ನಲ್ಲಿ ಬೋಧಿಸಿದರು, ಪತ್ರಿಕೆಗಳಿಗೆ ಬರೆದರು, ಕಾಲೇಜಿನ ಹಣಕಾಸನ್ನು ನೋಡಿಕೊಂಡರು. 1925ರಲ್ಲಿ ರಷ್ಯದ ಪ್ರಖ್ಯಾತ ಬ್ಯಾಲೆ ಕಲಾವಿದೆ ಲಿಡಿಯಾ ಲೊಪೊಕೊವಾ ಅವರನ್ನು ವಿವಾಹವಾದರು. 1936ರಲ್ಲಿ ಉದ್ಯೋಗ, ಬಡ್ಡಿ ಮತ್ತು ಹಣವನ್ನು ಕುರಿತ ಅವರ ಮಹಾಗ್ರಂಥ ಹೊರಬಂದಿತು. ಜನರ ಬೇಡಿಕೆ ಕುಸಿದಾಗ ಸರ್ಕಾರವೇ ಖರ್ಚು ಮಾಡಿ ಉದ್ಯೋಗವನ್ನು ಉಳಿಸಬೇಕೆಂಬ ವಿಚಾರ ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿತು. ಮರುವರ್ಷವೇ ಅವರಿಗೆ ತೀವ್ರ ಹೃದ್ರೋಗ ತಗುಲಿತು. ಅಲ್ಲಿಂದ ಕೊನೆಯವರೆಗೂ ಅವರು ವೈದ್ಯರ ಎಚ್ಚರಿಕೆಗಳ ನಡುವೆಯೇ ದುಡಿದರು.

1940ರಲ್ಲಿ ಅವರು ಮತ್ತೆ ಹಣಕಾಸು ಇಲಾಖೆಗೆ ಬಂದರು. ಬಾಂಬುಗಳು ಬೀಳುತ್ತಿದ್ದಾಗಲೇ ಅವರು ಯುದ್ಧಾನಂತರದ ಜಗತ್ತನ್ನು ಕುರಿತು ಚಿಂತಿಸತೊಡಗಿದರು. 1919ರ ತಪ್ಪು ಮರುಕಳಿಸಬಾರದೆಂಬುದು ಅವರ ಹಟವಾಗಿತ್ತು. ದೇಶಗಳಿಗೆಲ್ಲ ಒಂದು ಬ್ಯಾಂಕು, ಅದಕ್ಕೆ ಬ್ಯಾಂಕೋರ್ ಎಂಬ ಹೆಸರಿನ ಒಂದು ಲೆಕ್ಕದ ನಾಣ್ಯ, ಇದು 1941ರಲ್ಲಿ ಅವರು ರೂಪಿಸಿದ ಯೋಜನೆ. ಅದರಲ್ಲೊಂದು ಹೊಸ ತತ್ತ್ವವಿತ್ತು. ವ್ಯಾಪಾರದಲ್ಲಿ ಸಾಲಗಾರನಾದ ದೇಶದ ಮೇಲೆ ಮಾತ್ರವಲ್ಲದೆ, ಮಿತಿಮೀರಿ ಗಳಿಸಿ ಹಣವನ್ನು ಕೂಡಿಟ್ಟುಕೊಂಡ ದೇಶದ ಮೇಲೆಯೂ ಶುಲ್ಕ ಬೀಳಬೇಕು. ಲೋಕದ ಸಮತೋಲನ ತಪ್ಪಿದರೆ ಅದನ್ನು ಸರಿಪಡಿಸುವ ಹೊಣೆ ಇಬ್ಬರದೂ ಆಗಿರಬೇಕು.

ಆದರೆ ಆಗ ಜಗತ್ತಿನ ನಾಣ್ಯಚಿನ್ನದ ಬಹುಪಾಲು ಅಮೆರಿಕದಲ್ಲಿತ್ತು. ಎಲ್ಲರಿಗೂ ಸಾಲ ಕೊಡಬೇಕಾದ ದೇಶ ತನ್ನ ಮೇಲೆಯೇ ದಂಡ ಹಾಕಿಕೊಳ್ಳಲು ಒಪ್ಪೀತೇ? ಅಮೆರಿಕದ ಅಧಿಕಾರಿ ಹ್ಯಾರಿ ಡೆಕ್ಸ್ಟರ್ ವೈಟ್ ಬೇರೊಂದು ಯೋಜನೆಯನ್ನು ಸಿದ್ಧಪಡಿಸಿದ್ದರು. 1944ರ ಜುಲೈ 1ರಿಂದ 22ರವರೆಗೆ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಬ್ರೆಟನ್ ವುಡ್ಸ್‌ನಲ್ಲಿ 44 ರಾಷ್ಟ್ರಗಳ ಪ್ರತಿನಿಧಿಗಳು ಸೇರಿದಾಗ ಗೆದ್ದದ್ದು ಬಹುಮಟ್ಟಿಗೆ ವೈಟ್ ಅವರ ಯೋಜನೆ. ಅಂತರರಾಷ್ಟ್ರೀಯ ಹಣಕಾಸು ನಿಧಿ ಹಾಗೂ ಇಂದು ವಿಶ್ವಬ್ಯಾಂಕ್ ಎಂದು ನಾವು ಕರೆಯುವ ಸಂಸ್ಥೆ ಅಲ್ಲಿ ರೂಪುಗೊಂಡವು. ನಾಣ್ಯಗಳೆಲ್ಲ ಡಾಲರಿಗೆ, ಡಾಲರು ಔನ್ಸಿಗೆ 35ರಂತೆ ಚಿನ್ನಕ್ಕೆ ಕಟ್ಟುಬಿದ್ದವು. ಬ್ಯಾಂಕೋರ್ ಕಾಗದದಲ್ಲೇ ಉಳಿಯಿತು. ಈ ಸಲ ಕೇನ್ಸರು ಎದ್ದು ಹೋಗಲಿಲ್ಲ. ಬ್ಯಾಂಕಿನ ರಚನೆಯ ಸಮಿತಿಗೆ ಅಧ್ಯಕ್ಷರಾಗಿ, ಕುಸಿಯುತ್ತಿದ್ದ ಆರೋಗ್ಯವನ್ನೂ ಲೆಕ್ಕಿಸದೆ ಕೆಲಸ ಮುಗಿಸಿದರು. ಕೊನೆಯ ರಾತ್ರಿಯ ಔತಣಕ್ಕೆ ಅವರು ತಡವಾಗಿ ಬಂದಾಗ ನೆರೆದವರೆಲ್ಲ ಮೌನವಾಗಿ ಎದ್ದು ನಿಂತು ಗೌರವಿಸಿದರು.

ಆ ಸಮ್ಮೇಳನದಲ್ಲಿ ಭಾರತದ ನಿಯೋಗವೂ ಇತ್ತು. ರಿಸರ್ವ್ ಬ್ಯಾಂಕಿನ ಗವರ್ನರ್ ಸಿ.ಡಿ. ದೇಶಮುಖ್, ಆರ್.ಕೆ. ಷಣ್ಮುಖಂ ಚೆಟ್ಟಿ, ಮುಂಬಯಿಯ ಎ.ಡಿ. ಶ್ರಾಫ್ ಮುಂತಾದವರು ಅದರಲ್ಲಿದ್ದರು. ಅವರ ಮನಸ್ಸಿನಲ್ಲಿ ಒಂದು ದೊಡ್ಡ ಚಿಂತೆಯಿತ್ತು. ಯುದ್ಧಕಾಲದಲ್ಲಿ ಬ್ರಿಟನ್ ಭಾರತದಿಂದ ಬಟ್ಟೆ, ಧಾನ್ಯ, ಸಾಮಗ್ರಿಗಳನ್ನು ಪಡೆದು, ಅದರ ಬೆಲೆಯನ್ನು ಲಂಡನ್ನಿನ ಖಾತೆಯಲ್ಲಿ ಸ್ಟರ್ಲಿಂಗ್ ರೂಪದಲ್ಲಿ ಬರೆದಿಡುತ್ತಿತ್ತು. ಅದರ ಆಧಾರದ ಮೇಲೆ ಇಲ್ಲಿ ನೋಟುಗಳು ಅಚ್ಚಾದವು, ಬೆಲೆಗಳು ಏರಿದವು. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಯುದ್ಧದ ಕೊನೆಗೆ ಆ ಖಾತೆಯಲ್ಲಿ ಸುಮಾರು 130 ಕೋಟಿ ಪೌಂಡ್ ಸೇರಿತ್ತು. ಸಾಲಗಾರನಾಗಿದ್ದ ಭಾರತ ಧಣಿಗೇ ಸಾಲ ಕೊಟ್ಟಂತಾಗಿತ್ತು.

ಈ ಹಣದ ಒಂದು ಭಾಗವನ್ನಾದರೂ ಹೊಸ ನಿಧಿಯ ಮೂಲಕ ಬಿಡಿಸಿಕೊಡಬೇಕೆಂದು ಶ್ರಾಫ್ ಮತ್ತು ಅವರ ಸಂಗಡಿಗರು ಕೇಳಿದರು. ಇದು ಸಂಬಂಧಪಟ್ಟ ಎರಡು ದೇಶಗಳು ತಮ್ಮೊಳಗೆ ತೀರಿಸಿಕೊಳ್ಳಬೇಕಾದ ವಿಷಯವೆಂದು ಕೇನ್ಸರು ಉತ್ತರಿಸಿದರು. ಅಷ್ಟೇ ಅಲ್ಲ, ಈ ಬಾಕಿಯಲ್ಲಿ ಒಂದು ಪಾಲನ್ನು ಭಾರತ ಮುಂತಾದ ದೇಶಗಳು ಬಿಟ್ಟುಕೊಡಬೇಕೆಂಬುದು ಅವರ ಅಭಿಪ್ರಾಯವಾಗಿತ್ತು. ಸೋತ ಜರ್ಮನಿಯ ಮೇಲೆ ಹೊರಲಾರದ ಹೊರೆ ಹೇರಬಾರದೆಂದು 1919ರಲ್ಲಿ ಹೋರಾಡಿದ ಮನುಷ್ಯರು, ಕ್ಷಾಮದಿಂದ ಬಳಲಿದ ಭಾರತದ ಗಳಿಕೆಯನ್ನು ಕುರಿತು ಹೀಗೆ ಯೋಚಿಸಿದ್ದು ನಮಗೆ ನೋವಿನ ಸಂಗತಿಯೇ. ತಮ್ಮ ದೇಶದ ಖಜಾನೆ ಬರಿದಾಗಿದ್ದುದನ್ನು ಅವರು ಬಲ್ಲವರಾಗಿದ್ದರು. ಅದೇ ಅವರ ದೃಷ್ಟಿಗೆ ಎಲ್ಲೆಯನ್ನು ಹಾಕಿತೆಂದು ನಾವು ಭಾವಿಸುತ್ತೇವೆ. ಭಾರತ ತನ್ನ ಹಕ್ಕನ್ನು ಬಿಡಲಿಲ್ಲ. 1947 ಹಾಗೂ 1948ರ ಒಪ್ಪಂದಗಳ ಮೂಲಕ ಹಣ ಹಂತಹಂತವಾಗಿ ಬಿಡುಗಡೆಯಾಗಿ, ಸ್ವತಂತ್ರ ಭಾರತದ ಮೊದಲ ಪಂಚವಾರ್ಷಿಕ ಯೋಜನೆಗಳ ಕಾಲದ ಆಮದುಗಳಿಗೆ ನೆರವಾಯಿತು.

1945ರಲ್ಲಿ ಯುದ್ಧ ಮುಗಿದೊಡನೆ ಅಮೆರಿಕ ಬ್ರಿಟನ್ನಿಗೆ ನೀಡುತ್ತಿದ್ದ ಯುದ್ಧಕಾಲದ ನೆರವನ್ನು ನಿಲ್ಲಿಸಿತು. ಕೇನ್ಸರು ಮತ್ತೆ ವಾಷಿಂಗ್ಟನ್ನಿಗೆ ಹೋದರು. ಉಡುಗೊರೆಯಾಗಿ ನೆರವು ದೊರೆಯಬಹುದೆಂಬ ಆಸೆ ಹುಸಿಯಾಯಿತು. ತಿಂಗಳುಗಟ್ಟಲೆ ಚೌಕಾಸಿಯ ನಂತರ ಶೇಕಡ 2ರ ಬಡ್ಡಿಗೆ 375 ಕೋಟಿ ಡಾಲರ್ ಸಾಲ ಸಿಕ್ಕಿತು. ಅದರ ಕೊನೆಯ ಕಂತನ್ನು ಬ್ರಿಟನ್ ತೀರಿಸಿದ್ದು 2006ರ ಡಿಸೆಂಬರಿನಲ್ಲಿ. 1946ರ ಮಾರ್ಚ್‌ನಲ್ಲಿ ನಿಧಿ ಮತ್ತು ಬ್ಯಾಂಕುಗಳ ಮೊದಲ ಸಭೆಗಾಗಿ ಅವರು ಅಮೆರಿಕದ ಸವಾನಾ ನಗರಕ್ಕೆ ಹೋದರು. ಈ ಸಂಸ್ಥೆಗಳು ನ್ಯೂಯಾರ್ಕಿನಲ್ಲಿದ್ದು ಅಮೆರಿಕದ ಸರ್ಕಾರದಿಂದ ದೂರವಿರಲಿ ಎಂಬ ಅವರ ಕೋರಿಕೆಗೂ ಮನ್ನಣೆ ಸಿಗಲಿಲ್ಲ. ವಾಷಿಂಗ್ಟನ್ನೇ ಅವುಗಳ ನೆಲೆಯಾಯಿತು. ಮರಳುವ ರೈಲಿನಲ್ಲಿ ಅವರ ಆರೋಗ್ಯ ತೀರ ಹದಗೆಟ್ಟಿತು. ಏಪ್ರಿಲ್ 21ರ ಈಸ್ಟರ್ ಭಾನುವಾರದಂದು ಸಸೆಕ್ಸಿನ ಟಿಲ್ಟನ್ ಮನೆಯಲ್ಲಿ 62ರ ವಯಸ್ಸಿನಲ್ಲಿ ಅವರು ನಿಧನರಾದರು. ಮಗನ ಅಗಲಿಕೆಯನ್ನು ಕಾಣಲು ವೃದ್ಧ ತಂದೆತಾಯಿ ಇಬ್ಬರೂ ಬದುಕಿದ್ದರು.

ಅವರ ಸಾವಿನ ನಂತರ 1948ರಲ್ಲಿ ಅಮೆರಿಕ ಮಾರ್ಷಲ್ ಯೋಜನೆಯ ಮೂಲಕ ಪಶ್ಚಿಮ ಯುರೋಪಿಗೆ ಕೊಡುಗೈಯಿಂದ ನೆರವಾಯಿತು. 1953ರಲ್ಲಿ ಪಶ್ಚಿಮ ಜರ್ಮನಿಯ ಹಳೆಯ ಸಾಲದ ಅರ್ಧದಷ್ಟು ಮನ್ನಾ ಆಯಿತು. 1919ರಲ್ಲಿ ಯಾರೂ ಕೇಳದ ಮಾತಿಗೆ ಮೂರು ದಶಕಗಳ ನಂತರ ಕಿವಿ ಸಿಕ್ಕಿತ್ತು. 1971ರಲ್ಲಿ ಡಾಲರಿಗೂ ಚಿನ್ನಕ್ಕೂ ಇದ್ದ ನಂಟು ಕಳಚಿತಾದರೂ ಬ್ರೆಟನ್ ವುಡ್ಸ್‌ನ ಎರಡು ಸಂಸ್ಥೆಗಳು ಇಂದಿಗೂ ಇವೆ. ಭಾರತ ಅವುಗಳ ಸ್ಥಾಪಕ ಸದಸ್ಯ.

ಕನ್ನಡ ನಾಡಿಗೂ ಕೇನ್ಸರ ಪಾಠ ಒಂದು ದಾರಿಯಲ್ಲಿ ತಲುಪಿತು. ಕೇಂಬ್ರಿಜ್‌ನಲ್ಲಿ ಅವರ ಶಿಷ್ಯರಾಗಿದ್ದ ವಿ.ಕೆ.ಆರ್.ವಿ. ರಾವ್ ದೆಹಲಿಯ ಸ್ಕೂಲ್ ಆಫ್ ಎಕನಾಮಿಕ್ಸ್ ಅನ್ನು ಕಟ್ಟಿದರು, ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಬಂದರು, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು. ಗುರುವಿನ ಸೂತ್ರಗಳು ಕೃಷಿಪ್ರಧಾನವಾದ ಬಡ ದೇಶಕ್ಕೆ ಹಾಗೆಯೇ ಹೊಂದಲಾರವೆಂದು 1952ರಲ್ಲೇ ಬರೆದವರೂ ಅವರೇ.

ಬ್ಯಾಂಕು, ವಿಮೆ, ವ್ಯಾಪಾರಗಳಲ್ಲಿ ದುಡಿದು ಮಹಾನಗರಗಳಲ್ಲಿ ನೆಲೆಯೂರಿದ ನಮ್ಮ ಕುಟುಂಬಗಳಿಗೆ ಸಾಲದ ಲೆಕ್ಕ ಹೊಸದಲ್ಲ. ಕೊಟ್ಟವನೂ ಪಡೆದವನೂ ಇಬ್ಬರೂ ಉಳಿದರೆ ಮಾತ್ರ ಸಾಲ ತೀರುತ್ತದೆ ಎಂಬುದನ್ನು ನಮ್ಮ ಹಿರಿಯರು ಅನುಭವದಿಂದ ಬಲ್ಲವರಾಗಿದ್ದರು. ದೇಶಗಳ ನಡುವೆಯೂ ಈ ಮಾತು ನಿಲ್ಲಬೇಕೆಂದು ಕೇನ್ಸರು ಜೀವ ಸವೆಸಿದರು. ಅದನ್ನು ಎಲ್ಲರಿಗೂ ಸಮನಾಗಿ ಅನ್ವಯಿಸಲು ಅವರಿಂದಲೂ ಆಗಲಿಲ್ಲ. ಯುದ್ಧಗಳು ಇನ್ನೂ ನಿಲ್ಲದ ಈ ದಿನಗಳಲ್ಲಿ, ಅವು ಮುಗಿದ ಮೇಲೆ ಲೆಕ್ಕ ಬರೆಯಲು ಕೂರುವವರು ಈ ಬದುಕಿನ ಎರಡೂ ಮುಖಗಳನ್ನು ನೆನೆಯಲಿ ಎಂದು ನಾವು ಆಶಿಸುತ್ತೇವೆ.